ಸ್ನಾನದ ಮನೆಯ ನವಿಲು

ದೊಮಿತಿಲ್ಲಾಳ ಮನೆಗೆ ಬರುವ ಅತಿಥಿ ಯಾವ ದೇಶದವನೇ ಆಗಿರಲಿ, ಬಲಗಾಲಿಟ್ಟೇ ಒಳಗೆ ಬರಬೇಕು. ಇಪ್ಪತ್ತೆರಡು ವರ್ಷಗಳಿಂದ ಆ ಮನೆಯ ಕಟ್ಟಳೆ ಅದು. ರಾತ್ರಿಯೆಲ್ಲ ವಿಮಾನದಲ್ಲಿ ಕೂತು ಸೊಂಟ ಹಿಡಿದವರು, ಗಾಲಿಯ ಪೆಟ್ಟಿಗೆಯನ್ನು ಕಲ್ಲುಹಾಸಿನ ಬೀದಿಯಲ್ಲಿ ಎಳೆದು ಎಳೆದು ತೋಳು ಸೋತವರು, ಯಾರಾದರೂ ಮರೆತು ಎಡಗಾಲು ಮುಂದಿಟ್ಟರೆ ಬಾಗಿಲಲ್ಲೇ ಅವರನ್ನು ತಡೆಯುತ್ತಾಳೆ.

"ಹಿಂದೆ ಹೋಗಿ, ಹಿಂದೆ ಹೋಗಿ. ಎರಡು ಸಾವಿರ ವರ್ಷದ ಹಿಂದೆ ಈ ಬೀದೀಲಿ ಯಾರೂ ಎಡಗಾಲಿಟ್ಟು ಮನೆಯೊಳಗೆ ಬರ್ತಿರಲಿಲ್ಲ. ಹೊಸ್ತಿಲನ್ನಂತೂ ತುಳೀತಾನೇ ಇರಲಿಲ್ಲ. ನೀವ್ಯಾಕೆ ತುಳೀತೀರಿ?"

ಅತಿಥಿಗಳು ಹಿಂದೆ ಹೋಗಿ, ತಮ್ಮ ಕಾಲುಗಳಲ್ಲಿ ಬಲ ಯಾವುದು ಎಡ ಯಾವುದು ಎಂದು ನೋಡಿಕೊಂಡು, ಮತ್ತೆ ಬರುತ್ತಾರೆ. ಆಮೇಲೆ ಕಾಫಿ ಸಿಗುತ್ತದೆ.

ರೋಮಿನ ಮೋಂತಿ ಬಡಾವಣೆಯಲ್ಲಿ, ಇಳಿಜಾರಿನ ಬೀದಿಯೊಂದರ ತಗ್ಗಿನಲ್ಲಿದೆ ಆ ಮನೆ. ನೆಲ ಅಂತಸ್ತಿನಲ್ಲಿ ಬಾಡಿಗೆಗೆ ಮೂರು ಕೋಣೆ, ಒಂದು ಅಡುಗೆಮನೆ, ಒಂದು ಅಂಗಳ. ಹಿಂಬದಿಯಲ್ಲಿ ಮೂರು ಮೆಟ್ಟಿಲು ಇಳಿದರೆ ಎಲ್ಲರಿಗೂ ಸೇರಿ ಒಂದೇ ಸ್ನಾನದ ಮನೆ. ಗಂಡ ಸೆತ್ತಿಮಿಯೊ ಬಸ್ಸು ಓಡಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ದೊಮಿತಿಲ್ಲಾ ಕೋಣೆಗಳಿಗೆ ಹೊಸ ಪರದೆ ಹಾಕಿ ಪ್ರವಾಸಿಗಳನ್ನು ಇಟ್ಟುಕೊಂಡಳು. ಚರಿತ್ರೆಯನ್ನು ಅವಳು ಓದಿದ್ದು ಎಂಟನೇ ತರಗತಿಯವರೆಗೆ ಮಾತ್ರ. ಉಳಿದದ್ದು ಕಿಟಕಿಯ ಕೆಳಗೆ ನಿಂತು ಕೂಗುವ ಗೈಡುಗಳಿಂದ ಬಂತು, ರೇಡಿಯೋದಿಂದ ಬಂತು, ಎಲ್ಲಿಂದಲೂ ಬರದಿದ್ದದ್ದು ಅವಳಿಂದಲೇ ಬಂತು.

ಬೆಳಗಿನ ತಿಂಡಿಯ ಮೇಜಿನಲ್ಲಿ ಇವತ್ತಿನ ಊರೂ ಅಂದಿನ ಊರೂ ಒಂದೇ ತಟ್ಟೆಯಲ್ಲಿ ಬಂದು ಕೂರುತ್ತಿದ್ದವು. "ಮೇಲಿನ ಮನೆಯವರು ಬಟ್ಟೆ ಹಿಂಡಿದ ನೀರು ನಿಮ್ಮ ತಲೆ ಮೇಲೆ ಬಿತ್ತಾ? ಪುಣ್ಯ ಮಾಡಿದ್ರಿ. ಆಗಿನ ಕಾಲದಲ್ಲಿ ಮೇಲಿಂದ ಬೀಳ್ತಿದ್ದದ್ದು ನೀರಲ್ಲ," ಎನ್ನುವಳು. ಆಗಲೂ ಇಲ್ಲಿ ಐದಾರು ಅಂತಸ್ತಿನ ಬಾಡಿಗೆ ಮನೆಗಳಿದ್ದವು, ಮೇಲೆ ಹತ್ತಿದಷ್ಟೂ ಬಡವರು, ಬೆಂಕಿ ಬಿದ್ದರೆ ಕೊನೆಗೆ ಗೊತ್ತಾಗುವುದು ಅವರಿಗೇ ಎಂದು ಹೇಳಿ, ಆ ಬಡವರೆಲ್ಲ ತನ್ನ ನೆಂಟರೇನೋ ಎಂಬಂತೆ ನಿಟ್ಟುಸಿರು ಬಿಡುವಳು. ಇಸವಿಗಳ ವಿಷಯದಲ್ಲಿ ಮಾತ್ರ ಅವಳ ಕೈ ಸಡಿಲ. ಕೇಳುವವನ ಕಣ್ಣು ಅರಳಿದಷ್ಟೂ ಅರಸರು ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿದ್ದರು.

ಆ ನವೆಂಬರಿನ ಒಂದು ಗುರುವಾರ ಸ್ನಾನದ ಮನೆಯ ನೆಲದಿಂದ ನೀರು ಜಿನುಗತೊಡಗಿತು. ನಳ ರಿಪೇರಿಯ ನಜ್ಜರೇನೊ ಬಂದ. ನಲವತ್ತು ವರ್ಷಗಳಿಂದ ಆ ಬಡಾವಣೆಯ ಎಲ್ಲ ಬಚ್ಚಲುಗಳ ಗುಟ್ಟು ಬಲ್ಲವನು. ಹಳೆಯ ಟೈಲ್ಸು ನಾಲ್ಕು ಎಬ್ಬಿಸಿದ. ಆಮೇಲೆ ಸುತ್ತಿಗೆಯ ಸದ್ದು ನಿಂತುಹೋಯಿತು.

"ಸಿನ್ಯೋರಾ ದೊಮಿತಿಲ್ಲಾ, ಸ್ವಲ್ಪ ಬನ್ನಿ ಇಲ್ಲಿ. ಬಾಗಿಲು ಹಾಕ್ಕೊಂಡು ಬನ್ನಿ."

"ಏನಾಯ್ತೋ? ಕೈಗೆ ಪೆಟ್ಟಾಯ್ತಾ?"

"ಬಾಗಿಲು ಹಾಕಿ ಅಂದೆ."

ಈ ಊರಿನಲ್ಲಿ ನೆಲ ಅಗೆಯುವವನು ದನಿ ತಗ್ಗಿಸಿ ಬಾಗಿಲು ಹಾಕು ಎಂದರೆ ಹಳೆಯ ಕಾಲದ್ದೇನೋ ಸಿಕ್ಕಿದೆ ಎಂದು ಎಳೆಯ ಮಕ್ಕಳಿಗೂ ಗೊತ್ತು. ದೊಮಿತಿಲ್ಲಾ ಮೂರು ಮೆಟ್ಟಿಲು ಇಳಿದು ಬಾಗಿಲು ಹಾಕಿದಳು, ಚಿಲಕವನ್ನೂ ಹಾಕಿದಳು.

ಎದ್ದ ಟೈಲ್ಸಿನ ಕೆಳಗಿಂದ ಒಂದು ನವಿಲು ಅವಳನ್ನು ನೋಡುತ್ತಿತ್ತು. ಕಡಲೆಕಾಳಿನಷ್ಟು ಚಿಕ್ಕ ಕಲ್ಲುಗಳನ್ನು ಜೋಡಿಸಿ ಮಾಡಿದ ನವಿಲು. ನೀಲಿ ಕತ್ತು, ಒಂದು ಕಣ್ಣು, ಬಿಚ್ಚಿದ ಗರಿಯ ತುದಿ ಕೈತೊಳೆಯುವ ತೊಟ್ಟಿಯ ಕೆಳಗೆ ಎಲ್ಲೋ ಮರೆಯಾಗಿತ್ತು. ಒಸರಿದ ನೀರಿನಲ್ಲಿ ಒದ್ದೆಯಾಗಿ ಈಗತಾನೇ ಮಿಂದೆದ್ದಂತೆ ಹೊಳೆಯುತ್ತಿತ್ತು.

ದೊಮಿತಿಲ್ಲಾ ಕಮೋಡಿನ ಮುಚ್ಚಳದ ಮೇಲೆ ಕೂತಳು. ಕಲ್ಲುಗಳನ್ನು ಎಣಿಸುವವಳಂತೆ ಕತ್ತು ಚಾಚಿ ನೋಡಿದಳು.

"ಹೇಡ್ರಿಯನ್ ಚಕ್ರವರ್ತಿ ಕಾಲದ್ದು," ಎಂದಳು ಕೊನೆಗೆ. ಇನ್ನೊಮ್ಮೆ ಬಗ್ಗಿ ನೋಡಿ, "ಇಲ್ಲ. ಅವನಿಗಿಂತ ಹಿಂದಿನ ಆಗಸ್ಟಸ್."

"ಸಂಜೆವರೆಗೂ ಬಿಟ್ರೆ ಈ ಊರು ಕಟ್ಟಿದ ರೊಮುಲಸ್ಸೇ ಕೂತು ಜೋಡಿಸಿದ ಅಂತೀರಿ. ಈಗ ಏನು ಮಾಡಲಿ ಹೇಳಿ. ಸೋರ್ತಿರೋ ಕೊಳವೆ ಇದರ ಎದೆ ಕೆಳಗೇ ಹೋಗತ್ತೆ."

ದಾರಿ ಎರಡೇ ಇದ್ದವು. ಪ್ರಾಚೀನ ವಸ್ತುಗಳನ್ನು ನೋಡಿಕೊಳ್ಳುವ ಕಚೇರಿಗೆ ತಿಳಿಸುವುದು ಒಂದು. ಕೆಳಗಿನ ಬೀದಿಯ ಚಪ್ಪಲಿ ಅಂಗಡಿಯವನು ತಿಳಿಸಿದ್ದ. ಕಚೇರಿಯವರು ಯಾರೂ ಒಳಗೆ ಹೋಗದಂತೆ ಅವನ ನೆಲಮಾಳಿಗೆಯ ಸುತ್ತ ತಗಡು ಕಟ್ಟಿ ಆರು ವರ್ಷವಾಯಿತು, ಅಲ್ಲೀಗ ಬೆಕ್ಕು ಮರಿ ಹಾಕುತ್ತದೆ. ಸ್ನಾನದ ಮನೆಗೆ ತಗಡು ಬಿದ್ದರೆ ಅತಿಥಿಗಳಿಲ್ಲ. ಅತಿಥಿಗಳಿಲ್ಲದಿದ್ದರೆ ದೊಮಿತಿಲ್ಲಾಳಿಗೆ ಬದುಕಿಲ್ಲ, ಬೆಳಗೂ ಇಲ್ಲ. ಕಾಫಿ ಕಾಯಿಸಿಕೊಂಡು ಗೋಡೆಗೆ ಚರಿತ್ರೆ ಹೇಳಲಾದೀತೇ? ಇನ್ನೊಂದು ದಾರಿ, ಬಾಯಿ ಮುಚ್ಚಿಕೊಂಡು ನವಿಲನ್ನು ಒಡೆಯುವುದು.

"ನಾನಂತೂ ಒಡೆಯಲ್ಲ," ಎಂದ ನಜ್ಜರೇನೊ. "ಎಷ್ಟೋ ಬಚ್ಚಲು ಒಡೆದಿದ್ದೀನಿ. ನವಿಲು ಒಡೆದಿಲ್ಲ. ನೋಡಿ, ನನ್ನನ್ನೇ ದುರುಗುಟ್ಕೊಂಡು ನೋಡ್ತಿದೆ."

ಸೋರುವ ಜಾಗಕ್ಕೆ ಬದಿಯಿಂದ ಕೈ ತೂರಿಸಿ ರಬ್ಬರಿನ ಪಟ್ಟಿ ಬಿಗಿದ. ನವಿಲಿನ ಮೇಲೆ ಮೇಣದ ಬಟ್ಟೆ, ಅದರ ಮೇಲೆ ಹಲಗೆ ಹಾಕಿದ. "ಸೋಮವಾರದವರೆಗೆ ತಡೆಯತ್ತೆ. ಆಮೇಲೆ ಪಕ್ಕದ ವೈನ್ ಅಂಗಡಿ ಉಗ್ರಾಣಕ್ಕೆ ನೀರು ಇಳಿಯತ್ತೆ, ಅವನು ಸುಮ್ನಿರೋ ಪೈಕಿ ಅಲ್ಲ. ಅಷ್ಟರೊಳಗೆ ಯೋಚನೆ ಮಾಡಿ. ಯಾರಿಗೂ ಹೇಳಬೇಡಿ."

"ನಾನು ಹೇಳ್ತೀನಾ?"

ನಜ್ಜರೇನೊ ಚೀಲ ಹೆಗಲಿಗೆ ಹಾಕಿಕೊಂಡು ಅವಳನ್ನು ಒಮ್ಮೆ ಮರುಕದಿಂದ ನೋಡಿ ಹೋದ.

ಆ ವಾರ ಮನೆಯಲ್ಲಿದ್ದವರು ಲಿಸ್ಬನ್ನಿನ ನಿವೃತ್ತ ಮೇಷ್ಟ್ರು ಅಬೀಲಿಯೊ. ಪ್ರತಿ ನವೆಂಬರಿಗೂ ಬಂದು ಎರಡು ವಾರ ಇರುವವರು. ದೊಮಿತಿಲ್ಲಾಳ ಮಾತುಗಳನ್ನು ಗೆರೆಯ ಪುಸ್ತಕದಲ್ಲಿ ಬರೆದುಕೊಳ್ಳುವವರು, ಒಂದಕ್ಕೊಂದು ತಾಳೆಯಾಗದ ಇಸವಿಗಳ ಕೆಳಗೆ ಕೆಂಪು ಗೆರೆ ಎಳೆದರೂ ತುಟಿ ಬಿಚ್ಚದವರು.

ಶುಕ್ರವಾರ ಬೆಳಿಗ್ಗೆ ಅವರು ಪುಸ್ತಕ ಬಿಚ್ಚಿದರು. "ಸಿನ್ಯೋರಾ, ನಿನ್ನೆ ಸಾರ್ವಜನಿಕ ಸ್ನಾನಗೃಹದವರೆಗೆ ಬಂದಿದ್ವಿ. ಬಿಸಿನೀರಿನ ಕೋಣೆ ಮುಗೀತು. ಇವತ್ತು ನೆಲದ ವಿಷಯ ಹೇಳ್ತೀನಿ ಅಂದಿದ್ರಿ."

ದೊಮಿತಿಲ್ಲಾ ಹಾಲಿನ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದಳು. "ನೆಲ ಬೇಡ ಮೇಷ್ಟ್ರೇ. ಇವತ್ತು ಅಡುಗೆ ಹೇಳ್ತೀನಿ. ಆಗಿನವರು ಏನೇನು ತಿಂತಿದ್ರು ಅಂತ. ಸಣ್ಣ ಇಲಿ ತಿಂತಿದ್ರು, ಕೊಕ್ಕರೆ ತಿಂತಿದ್ರು, ಶ್ರೀಮಂತರು ನವಿ..."

ಅವಳು ಬ್ರೆಡ್ಡಿನ ಬುಟ್ಟಿಯನ್ನು ಅವರತ್ತ ತಳ್ಳಿದಳು.

"ಶ್ರೀಮಂತರು?" ಮೇಷ್ಟ್ರ ಪೆನ್ನು ಕಾಯುತ್ತಿತ್ತು.

"ಶ್ರೀಮಂತರು ತುಂಬ ತಿಂತಿದ್ರು," ಎಂದು ಹೇಳಿ ಅವಳು ಒಲೆಯ ಕಡೆ ತಿರುಗಿದಳು.

ಶನಿವಾರ ಆ ಅಪಾಯವೂ ಬೇಡವೆಂದು ಮಾತೇ ಆಡಲಿಲ್ಲ. ಯಾವ ಎಳೆ ಹಿಡಿದರೂ ಅದು ತಿರುಗಿ ತಿರುಗಿ ಸ್ನಾನದ ಮನೆಗೇ ಬಂದು ನಿಲ್ಲುತ್ತಿತ್ತು. ಮೇಷ್ಟ್ರು ಗಂಟಲು ಕೆಟ್ಟಿರಬೇಕೆಂದು ಜೇನುತುಪ್ಪ ತಂದು ಮೇಜಿನ ಮೇಲಿಟ್ಟರು. ದೊಮಿತಿಲ್ಲಾ ಗಂಟೆಗೊಮ್ಮೆ ಮೆಟ್ಟಿಲಿಳಿದು ಹೋಗಿ, ಹಲಗೆ ಸರಿಸಿ, ನವಿಲಿನ ಕಣ್ಣನ್ನು ಸೆರಗಿನಂಥ ತನ್ನ ಏಪ್ರನ್ನಿನ ತುದಿಯಿಂದ ಒರೆಸಿ ಬರುತ್ತಿದ್ದಳು. ಇಷ್ಟು ವರ್ಷ ಊರಿನವರ ರೋಮನ್ನೆಲ್ಲ ತನ್ನದೆಂದು ಹಂಚಿದವಳು. ಈಗ ನಿಜವಾಗಿ ತನ್ನದೇ ಆದದ್ದೊಂದು ಕಾಲ ಕೆಳಗಿದೆ, ಅದನ್ನು ಬಾಯಿ ಬಿಟ್ಟು ಹೇಳುವ ಹಾಗಿಲ್ಲ. ಒಡೆಯಲು ಮನಸ್ಸು ಬಾರದು. ತಗಡು ಹಾಕಿಸಿಕೊಳ್ಳಲು ಅದಕ್ಕಿಂತಲೂ ಬಾರದು.

ಭಾನುವಾರ ಬೆಲ್ಜಿಯಮ್ಮಿನಿಂದ ಒಬ್ಬ ಹೊಸ ಅತಿಥಿ ಬಂದಳು. ಎಡಗಾಲಿಟ್ಟು, ಹೊಸ್ತಿಲನ್ನು ಚೆನ್ನಾಗಿ ತುಳಿದು ಒಳಗೆ ಬಂದಳು. ದೊಮಿತಿಲ್ಲಾ ಕೋಣೆಯ ಬೀಗದ ಕೈ ಕೊಟ್ಟು ಸುಮ್ಮನೆ ಹೋದಳು. ಅದನ್ನು ಕಂಡ ಮೇಷ್ಟ್ರು ನಿಜಕ್ಕೂ ಹೆದರಿದರು. ಅಂಗಳದಾಚೆಯ ಬಾಗಿಲು ತಟ್ಟಿದರು. ಅಲ್ಲಿರುವುದು ದೊಮಿತಿಲ್ಲಾಳ ಗಂಡನ ಅಕ್ಕ ಫೆರ್ನಾಂದಾ, ಎಂಬತ್ತನಾಲ್ಕರ ಮುದುಕಿ, ಕೈಯಲ್ಲಿ ಕೋಲು, ನಾಲಿಗೆಯಲ್ಲಿ ಇನ್ನೊಂದು ಕೋಲು.

ಆಕೆ ಊಟ ಮುಗಿಸಿಕೊಂಡು ಬಂದಳು. "ಏನಾಗಿದೆಯೇ ದೊಮಿ ನಿನಗೆ? ಆ ಮೇಷ್ಟ್ರು ಬಂದು, ಸಿನ್ಯೋರಾ ಮಾತು ಬಿಟ್ಟಿದ್ದಾರೆ, ಡಾಕ್ಟ್ರನ್ನ ಕರೀಲಾ ಅಂದ. ನಾನಂದೆ, ಡಾಕ್ಟ್ರು ಏನು ಮಾಡ್ತಾನೆ, ಪಾದ್ರಿಗೇ ಹೇಳಪ್ಪ, ನಲವತ್ತು ವರ್ಷದಿಂದ ನಾನು ಕೇಳ್ಕೊಂಡಿದ್ದ ಪವಾಡ ಇದು ಅಂತ."

ದೊಮಿತಿಲ್ಲಾಳ ಕಣ್ಣು ತುಂಬಿ ಬಂತು. ನಾಲ್ಕು ದಿನ ಕಟ್ಟಿಟ್ಟದ್ದು. ಫೆರ್ನಾಂದಾಳ ತೋಳು ಹಿಡಿದು ಮೆಟ್ಟಿಲಿಳಿಸಿ, ಬಾಗಿಲು ಹಾಕಿ, ಹಲಗೆ ಸರಿಸಿದಳು. ಬೆರಳು ಮಾಡಿ ತೋರಿಸಿದಳು.

ಫೆರ್ನಾಂದಾ ಬಗ್ಗಿ ನೋಡಿದಳು. ಕೋಲು ಗೋಡೆಗಾನಿಸಿ ಮತ್ತೆ ನೋಡಿದಳು. ಆಮೇಲೆ ಹಲ್ಲಿನ ಕಟ್ಟು ಸಡಿಲವಾಗುವಂತೆ ನಗತೊಡಗಿದಳು.

"ಅಯ್ಯೋ, ಇದು ನಮ್ಮಪ್ಪನ ನವಿಲು ಕಣೇ! ಇನ್ನೂ ಇದೆಯಾ ಇದು?"

"ಯಾರ ನವಿಲು?"

"ನಮ್ಮಪ್ಪ ಅಮ್ಲೇತೊದು. ಊರಾಚೆ ಸಿನಿಮಾ ಸ್ಟುಡಿಯೋದಲ್ಲಿ ಗಾರೆ ಕೆಲಸ ಮಾಡ್ತಿದ್ನಲ್ಲ. ಅದ್ಯಾವುದೋ ಮಹಾರಾಣಿ ಸ್ನಾನ ಮಾಡೋ ಸೀನಿಗೆ ಅಂತ ನೆಲ ಜೋಡಿಸಿದ್ರು. ಉಳಿದ ಕಲ್ಲನ್ನ ಊಟದ ಡಬ್ಬೀಲಿ ತುಂಬ್ಕೊಂಡು ದಿನಾ ತರ್ತಿದ್ದ. ನನಗಾಗ ಹದಿನಾಲ್ಕು ವರ್ಷ. ಆ ಕಣ್ಣಿದೆ ನೋಡು, ಅದನ್ನ ಇಟ್ಟಿದ್ದು ನಾನು."

"ನಾನು ಹೇಡ್ರಿಯನ್ ಅಂದ್ಕೊಂಡೆ."

"ಹೇಡ್ರಿಯನ್ ಅಲ್ಲ, ಅಮ್ಲೇತೊ. ನಮ್ಮಮ್ಮ ಸೋಪಿನ ನೀರಲ್ಲಿ ಇದರ ಮೇಲೆ ಎರಡು ಸಲ ಜಾರಿ ಬಿದ್ಲು. ಈ ಮನೇಲಿ ನಾನಿರಬೇಕು ಇಲ್ಲ ನವಿಲಿರಬೇಕು ಅಂತ ಹಟ ಹಿಡಿದು ಕೂತ್ಲು. ಅಪ್ಪ ಒಂದಿಡೀ ದಿನ ಯೋಚನೆ ಮಾಡಿ ಇದರ ಮೇಲೆ ಟೈಲ್ಸ್ ಹಾಕ್ದ."

"ಒಂದು ದಿನ ಬೇಕಾಯ್ತಾ?"

"ಅದನ್ನೇ ಅಮ್ಮ ಸಾಯೋವರೆಗೂ ಮರೀಲಿಲ್ಲ."

ಇಬ್ಬರೂ ಕಮೋಡಿನ ಮುಚ್ಚಳವನ್ನೂ ಸ್ಟೂಲನ್ನೂ ಹಂಚಿಕೊಂಡು ಕೂತು ನಕ್ಕರು. ತಗಡಿನ ಭಯ ಹೋಯಿತು, ಮನೆ ಉಳಿಯಿತು. ಆದರೂ ನಗು ಮುಗಿದ ಮೇಲೆ ದೊಮಿತಿಲ್ಲಾ ನವಿಲನ್ನು ಸ್ವಲ್ಪ ಹೊತ್ತು ನೋಡುತ್ತಲೇ ಇದ್ದಳು, ಊರು ಬಿಟ್ಟು ಹೋಗುವವರನ್ನು ನೋಡುವ ಹಾಗೆ.

ಸೋಮವಾರ ನಜ್ಜರೇನೊ ಬಂದು ಕತೆ ಕೇಳಿ ನೆಲದ ಮೇಲೆ ಕೂತುಬಿಟ್ಟ. "ಸಿನಿಮಾ ನವಿಲಿಗೆ ಹೆದರಿ ನಾಲ್ಕು ದಿನ ನಿದ್ದೆ ಕೆಟ್ಟೆನಾ ನಾನು?" ಉಳಿ ಹಾಕಿದ. ಅಮ್ಲೇತೊ ತೆಳುವಾಗಿ ಹಾಕಿದ್ದ ಗಾರೆ ಎಷ್ಟು ಗಟ್ಟಿಯಾಗಿತ್ತೆಂದರೆ ನವಿಲು ಒಂದೇ ಹಪ್ಪಳದ ಹಾಗೆ ಇಡಿಯಾಗಿ ಎದ್ದು ಬಂತು. ಅದನ್ನು ಅಂಗಳಕ್ಕೆ ಹೊತ್ತೊಯ್ದು ರೋಸ್‌ಮೇರಿ ಕುಂಡಗಳ ಹಿಂದೆ ಗೋಡೆಗೆ ಆನಿಸಿಟ್ಟು ಬಂದ. ಕೊಳವೆಯ ಸುತ್ತಲಿನ ಮಣ್ಣು ತೋಡತೊಡಗಿದ.

ಮೊಳದಾಳಕ್ಕೆ ಹೋಗಿರಬೇಕು. ಸುತ್ತಿಗೆಯ ಸದ್ದು ಮತ್ತೆ ನಿಂತಿತು. ಈ ಸಲ ಅವನು ಕರೆಯಲಿಲ್ಲ. ತಾನೇ ಎದ್ದು ಹೋಗಿ ಬಾಗಿಲು ಹಾಕಿದ.

ಪಕ್ಕದಲ್ಲೇ ನಿಂತಿದ್ದ ದೊಮಿತಿಲ್ಲಾ ಬಗ್ಗಿ ನೋಡಿದಳು. ಬಣ್ಣವಿಲ್ಲ, ಹಕ್ಕಿಯಿಲ್ಲ. ಬೂದು ಬಣ್ಣದ ಒಂದು ಉದ್ದನೆಯ ಕಲ್ಲು. ಎರಡು ತುದಿಯಲ್ಲೂ ಬಾಗಿಲಿನ ತಿರುಗುಗೂಟ ಕೂರುವ ಗುಂಡಿ, ನಡುವೆ ಒಂದು ಗೀರು. ಯಾರದೋ ಮನೆಯ ಹೊಸ್ತಿಲು. ಅದರ ಮಧ್ಯಭಾಗ ಗಂಧ ತೇದು ತೇದು ಸವೆದ ಕಲ್ಲಿನ ಹಾಗೆ ಇಳಿದು ನುಣ್ಣಗಾಗಿತ್ತು.

"ಇದು ನಿಮ್ಮ ಮಾವನವರದ್ದಲ್ಲ," ಎಂದ ನಜ್ಜರೇನೊ ಮೆಲ್ಲಗೆ. "ಯಾವ ಕಾಲದ್ದು?"

ದೊಮಿತಿಲ್ಲಾ ಬಾಯಿ ತೆರೆದಳು. ಅರಸರೆಲ್ಲ ಸಾಲಾಗಿ ಬಂದು ನಿಂತರು. ಅವಳು ಬಾಯಿ ಮುಚ್ಚಿದಳು.

"ಗೊತ್ತಿಲ್ಲ ಕಣೋ."

ನಜ್ಜರೇನೊ ಕಲ್ಲನ್ನು ಬಿಟ್ಟು ಅವಳ ಮುಖ ನೋಡಿದ. ಅವಳು ಮಂಡಿಯೂರಿ ಕೂತು ಆ ತಗ್ಗಿನಲ್ಲಿ ಅಂಗೈ ಇಟ್ಟಳು. ತಣ್ಣಗಿತ್ತು.

"ಎಷ್ಟು ಜನ ತುಳಿದಿದ್ದಾರೆ ನೋಡು."

"ಯಾರೂ ತುಳೀತಾನೇ ಇರಲಿಲ್ಲ ಅಂತಿದ್ರಿ, ಇಪ್ಪತ್ತೆರಡು ವರ್ಷದಿಂದ?"

"ಎಲ್ಲರೂ ತುಳಿದಿದ್ದಾರೆ," ಎಂದಳು ದೊಮಿತಿಲ್ಲಾ. ಸಂತೆಯಿಂದ ಚೀಲ ಹೊತ್ತು ಬಂದವರು, ಬಾಡಿಗೆ ಕೋಣೆ ಖಾಲಿ ಇದೆಯಾ ಎಂದು ಕೇಳಲು ಬಂದವರು. ಬಲಗಾಲೋ ಎಡಗಾಲೋ ನೋಡಿಕೊಳ್ಳಲು ಅವರಿಗೆಲ್ಲಿ ಪುರುಸೊತ್ತು.

"ಕಚೇರಿಗೆ ಹೇಳೋದಾ?" ಎಂದು ಕೇಳಿದ ನಜ್ಜರೇನೊ.

ಅವಳು ಅಂಗೈಯ ಮಣ್ಣನ್ನು ಏಪ್ರನ್ನಿಗೆ ಒರೆಸಿಕೊಂಡು ಎದ್ದಳು. "ಕೊಳವೆ ಪಕ್ಕಕ್ಕೆ ತಿರುಗಿಸು. ಇದರ ಮೇಲೆ ಮರಳು ಹಾಕು, ಒಳ್ಳೇ ಮರಳು. ಇಷ್ಟು ದಿನ ಕಾದಿದೆ, ನಾನಿರೋವರೆಗೆ ಕಾಯಲಿ. ಆಮೇಲೆ ನೀನೇ ಹೋಗಿ ಹೇಳು."

"ನಿಮಗಿಂತ ಮೊದಲು ನಾನೇ ಸತ್ತುಹೋದ್ರೆ?"

"ಈ ಬೀದೀಲಿ ನೀನು ನಾಳೆ ಬರ್ತೀನಿ ಅಂತ ಹೇಳಿರೋ ಮನೆಗಳೆಲ್ಲ ಮುಗಿಯೋವರೆಗೂ ನೀನು ಹೋಗೋ ಹಾಗಿಲ್ಲ. ಕೆಲಸ ಮಾಡು."

ಮಂಗಳವಾರ ಬೆಳಿಗ್ಗೆ ತಿಂಡಿಯ ಮೇಜಿಗೆ ಮಾತು ಮರಳಿ ಬಂತು. ಅಮ್ಲೇತೊನ ನವಿಲು, ಜಾರಿಬಿದ್ದ ಅತ್ತೆ, ಊಟದ ಡಬ್ಬಿ, ಎಲ್ಲವೂ ಬಂತು. ರೋಮಿನವರೇ ರೋಮನ್ನು ನಕಲು ಮಾಡಿದ್ದು, ಇದಕ್ಕಿಂತ ಅಸಲಿ ಇನ್ನೇನು ಬೇಕು ಎಂದಳು. ಮೇಷ್ಟ್ರು ಎರಡು ಪುಟ ಬರೆದುಕೊಂಡರು. ಇಸವಿ ಸರಿಯಾಗಿದ್ದುದರಿಂದ ಕೆಂಪು ಗೆರೆ ಬೀಳಲಿಲ್ಲ.

ಅಷ್ಟರಲ್ಲಿ ಬೀದಿಯ ಬಾಗಿಲ ಗಂಟೆ ಹೊಡೆಯಿತು. ಫಿನ್ಲೆಂಡಿನ ಗಂಡ ಹೆಂಡತಿ, ಭಾರದ ಪೆಟ್ಟಿಗೆಗಳು, ದಣಿದ ಮುಖ. ಗಂಡಸು ಹೊಸ್ತಿಲ ಮೇಲೆ ಎಡಗಾಲಿಟ್ಟ. ಮೇಷ್ಟ್ರು ಪೆನ್ನು ಕೆಳಗಿಟ್ಟು ಕಾದರು.

"ಹಿಂ..." ಎಂದಳು ದೊಮಿತಿಲ್ಲಾ. ಕೈ ಅರ್ಧ ಎದ್ದಿತ್ತು. ಅದನ್ನು ಹಾಗೇ ಮುಂದೆ ಚಾಚಿ ಅವನ ಪೆಟ್ಟಿಗೆ ಹಿಡಿದುಕೊಂಡಳು. "ಇರಲಿ, ಬನ್ನಿ ಬನ್ನಿ. ತುಳಿದ್ರೂ ಪರವಾಗಿಲ್ಲ. ಆಗಿನವರೂ ತುಳೀತಿದ್ರು."

ಮೇಷ್ಟ್ರು ತಮ್ಮ ಪುಸ್ತಕದ ಹಳೆಯ ಪುಟಗಳನ್ನು ಸರಸರನೆ ತಿರುವಿದರು. "ಸಿನ್ಯೋರಾ, ಒಂದು ನಿಮಿಷ. ಇಷ್ಟು ವರ್ಷ ನೀವು ಬೇರೆ ಥರ ಹೇಳ್ತಿದ್ರಿ. ತುಳೀತಿದ್ರು ಅಂತ ಎಲ್ಲಿ ಬರೆದಿದೆ? ನಿಮಗೆ ಹೇಗೆ ಗೊತ್ತು?"

ದೊಮಿತಿಲ್ಲಾ ಹಿಂಬದಿಯ ಮೆಟ್ಟಿಲುಗಳ ಕಡೆ ಒಮ್ಮೆ ನೋಡಿದಳು.

"ಗೊತ್ತು," ಎಂದಳು. ಕಾಫಿ ಕಾಯಿಸಲು ಒಳಗೆ ಹೋದಳು.