ಮುದುಕಿಗೆ ಎರಡು ಊರಿನ ಸಾಕ್ಷಿ

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಲಿ, ಒಪ್ಪಿಕೊಂಡೆ. ಆದರೆ ಆ ಸಿಟ್ಟು ಇಲ್ಲದಿದ್ದರೆ ನಾನು ವಿಶ್ವಕೋಶ ಬರೆಯುವವಳಾಗುತ್ತಿರಲಿಲ್ಲ. ನಮ್ಮ ತಾತ ಎತ್ತು ತರಲು ಹೋಗಿ ಬರಿಗೈಯಲ್ಲಿ ಬಂದದ್ದು ಯಾಕೆ ಎಂಬುದು ನಮ್ಮ ಅಜ್ಜಿಗೆ ಎಂದೂ ತಿಳಿಯುತ್ತಲೂ ಇರಲಿಲ್ಲ.

ಗಣಿಯ ಭರಾಟೆ ಜೋರಾಗಿದ್ದ ವರ್ಷಗಳು. ಹೊಸಪೇಟೆಯ ಹೊರಗೆ ಅದಿರಿನ ಲಾರಿಗಳನ್ನು ತೂಗುವ ಒಂದು ಕಾಟಾದಲ್ಲಿ ನಾನು ಕಂಪ್ಯೂಟರ್ ಮುಂದೆ ಕೂತು ತೂಕದ ಚೀಟಿ ತೆಗೆದುಕೊಡುತ್ತಿದ್ದೆ. ಬೆಳಿಗ್ಗೆ ಹಾಕಿಕೊಂಡು ಹೋದ ಬಿಳಿ ದುಪಟ್ಟಾ ಸಂಜೆಗೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು. ಲಾರಿ ಸಾಲು ಒಮ್ಮೆ ನಿಂತರೆ ತಾಸುಗಟ್ಟಲೆ ಕದಲುತ್ತಿರಲಿಲ್ಲ. ಆಗ ಡ್ರೈವರುಗಳು ಇಳಿದು, ಕೆಂಪು ಧೂಳಿನಲ್ಲಿ ಬೆರಳಿನಿಂದ ಗೆರೆ ಎಳೆದು ಹುಲಿ-ಕುರಿ ಆಟಕ್ಕೆ ಕೂರುತ್ತಿದ್ದರು. ಒಬ್ಬನಿಗೆ ಮೂರು ಹುಲಿ, ಇನ್ನೊಬ್ಬನಿಗೆ ಹದಿನೈದು ಕುರಿ. ಹುಲಿ ಹಾರಿದರೆ ಕುರಿ ಸತ್ತಿತು. ಕುರಿಗಳು ಮೂರೂ ಹುಲಿಗಳನ್ನು ಅಲುಗದಂತೆ ಸುತ್ತುಗಟ್ಟಿದರೆ ಹುಲಿ ಸೋತಿತು. ನಾನು ಕಿಟಕಿಯಿಂದಲೇ, "ಅಣ್ಣಾ, ಆ ಕುರಿ ಮುಟ್ಟಬ್ಯಾಡ, ಹುಲಿ ಬಾಯಾಗ ಇಡಾಕ ಹತ್ತಿ," ಎಂದು ಸಲಹೆ ಕೊಡುತ್ತಿದ್ದೆ. ಯಾರೂ ಕೇಳಿರಲಿಲ್ಲ, ಆದರೂ ಕೊಡುತ್ತಿದ್ದೆ.

ಒಂದು ದಿನ ಲಾರಿಗಳಿಲ್ಲದ ಹೊತ್ತಿನಲ್ಲಿ ಇಂಟರ್‌ನೆಟ್ಟಿನಲ್ಲಿ ಈ ಆಟದ ಬಗ್ಗೆ ಹುಡುಕಿದೆ. ಕನ್ನಡದಲ್ಲಿ ಒಂದು ಪುಟ ಸಿಕ್ಕಿಬಿಟ್ಟಿತು. ಹಳೆಯ ಮಣೆ ಆಟಗಳ ವಿಶ್ವಕೋಶವಂತೆ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಹುಲಿ ಮೂರೇ ಎಂದು ಅದರಲ್ಲಿತ್ತು. ಕೆಲವು ಡ್ರೈವರುಗಳು ನಾಲ್ಕು ಹುಲಿ ಇಟ್ಟು ಆಡುವುದನ್ನೂ ನಾನೇ ಕಣ್ಣಾರೆ ಕಂಡಿದ್ದೆ. ತಿದ್ದಿದೆ. ಮರುದಿನ ನೋಡಿದರೆ ನನ್ನ ನಾಲ್ಕು ಮತ್ತೆ ಮೂರಾಗಿತ್ತು. ಮತ್ತೆ ನಾಲ್ಕು ಮಾಡಿ, ನಂಬದಿದ್ದರೆ ಬಂದು ನೋಡಿ ಎಂದು ಕಾಟಾದ ವಿಳಾಸವನ್ನೂ ಬರೆದೆ. ಒಂದು ವಾರ ಹೀಗೆ ಮುಖ ನೋಡದವರ ಜೊತೆ ಕುಸ್ತಿ ನಡೆಯಿತು. ಎಂಟನೆಯ ದಿನ ಕಾಟಾದ ಬಾಗಿಲಲ್ಲಿ ಸೈಕಲ್ ನಿಲ್ಲಿಸಿ, ಧೋತರದ ಧೂಳು ಕೊಡವುತ್ತ ಒಬ್ಬ ಹಿರಿಯರು ಒಳಗೆ ಬಂದರು.

"ನಾಕು ಹುಲಿ ಅಂತ ಬರಿಯಾಕಿ ನೀನಾ?" ಎಂದರು.

ಅವರು ಕಂಪ್ಲಿಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಕೋಶ ಶುರು ಮಾಡಿದವರೇ ಅವರು. ಹಂಪಿಯ ಮಂಟಪಗಳ ಹಾಸುಬಂಡೆಗಳ ಮೇಲೆ ಯಾವ ಕಾಲದಲ್ಲೋ ಯಾರೋ ಕೊರೆದ ಆಟದ ಮನೆಗಳಿವೆಯಲ್ಲ, ಅವುಗಳ ಚಿತ್ರ ಬರೆಯುತ್ತ ಬರೆಯುತ್ತ ಅವರಿಗೆ ಈ ಹುಚ್ಚು ಹತ್ತಿತ್ತು. ಸಂಡೂರಿನಲ್ಲಿ ಲೇತ್ ಅಂಗಡಿ ಇಟ್ಟಿದ್ದ ಅಣ್ಣ ಒಬ್ಬರು, ಹಂಪಿಯ ಗೈಡ್ ಒಬ್ಬರು ಮೊದಲೇ ಅವರ ಬಲೆಗೆ ಬಿದ್ದಿದ್ದರು. ಅವತ್ತು ನಾನೂ ಬಿದ್ದೆ. ಡ್ರೈವರುಗಳ ನಾಲ್ಕು ಹುಲಿಯ ಆಟ ನೋಡಿ ಮೇಷ್ಟ್ರು ಅಲ್ಲೇ ನೆಲದ ಮೇಲೆ ಕೂತು ಎರಡು ಸಲ ಸೋತರು. "ತಂಗೀ, ನಿಂದ ಖರೆ ಐತಿ, ತಿದ್ದಿಬಿಡು," ಎಂದು ಸೈಕಲ್ ಹತ್ತಿದರು. ತಪ್ಪೊಪ್ಪಿಕೊಂಡ ಮೇಷ್ಟ್ರನ್ನು ನಾನು ನನ್ನ ಜನ್ಮದಲ್ಲಿ ಮೊದಲ ಸಲ ನೋಡಿದ್ದೆ.

ಆಮೇಲೆ ಏನು ಕೇಳುತ್ತೀರಿ. ಭಾನುವಾರ ಬಂತೆಂದರೆ ನಾಲ್ವರೂ ಹಂಪಿಯಲ್ಲಿ. ಬಂಡೆಯ ಮೇಲೆ ರಂಗೋಲಿ ಪುಡಿ ಚೆಲ್ಲಿ ಅಂಗೈಯಿಂದ ಸವರಿದರೆ ಸವೆದ ಗೆರೆಗಳಲ್ಲಿ ಬಿಳಿ ನಿಂತು ಆಟದ ಮನೆ ಎದ್ದು ಕಾಣುತ್ತಿತ್ತು. ಗೈಡ್ ಫೋಟೊ ಹೊಡೆಯುತ್ತಿದ್ದರು, ಲೇತ್ ಅಣ್ಣ ಅಳತೆ ಹಿಡಿಯುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಪ್ರವಾಸಿಗಳು ದೇವಸ್ಥಾನ ಬಿಟ್ಟು ನಮ್ಮನ್ನೇ ನೋಡುತ್ತ ನಿಲ್ಲುತ್ತಿದ್ದರು. ಎಲ್ಲೆಲ್ಲಿಂದಲೋ ಅಪರಿಚಿತರು ತಮ್ಮ ಊರಿನ ಚೌಕಾಬಾರ, ಅಳಗುಳಿ ಮನೆಯ ನಿಯಮ ಬರೆದು ಸೇರಿಸತೊಡಗಿದರು. ಹೊಸ ಪುಟ ಬಂದ ದಿನ ನನಗೆ ಊಟ ಸೇರುತ್ತಿರಲಿಲ್ಲ, ಅಷ್ಟು ಖುಷಿ.

ಜನ ಹೆಚ್ಚಾದ ಹಾಗೆ ಬುರುಡೆ ಬಿಡುವವರೂ ಹೆಚ್ಚಾದರು. ಅದಕ್ಕೆ ಮೇಷ್ಟ್ರು ಒಂದು ಕಟ್ಟಳೆ ಮಾಡಿದರು: ಯಾವುದೇ ಆಟ ಕೋಶದಲ್ಲಿ ಉಳಿಯಬೇಕಾದರೆ ಎರಡು ಊರಿನ ಸಾಕ್ಷಿ ಬೇಕು. ಒಂದು ಊರಿನವರು ಹೇಳಿದ್ದನ್ನು ಇನ್ನೊಂದು ಊರಿನವರು, ಅದೂ ಬೇರೆ ಮನೆತನದವರು, ಹೌದು ನಾವೂ ಹೀಗೇ ಆಡುತ್ತೇವೆ ಎನ್ನಬೇಕು. ಇಲ್ಲದಿದ್ದರೆ ಪುಟ ತೆಗೆಯುವುದು. ಭೇಷ್ ಎಂದು ಮೊದಲು ಚಪ್ಪಾಳೆ ತಟ್ಟಿದವಳು ನಾನೇ. ಕಟ್ಟಳೆ ನಮ್ಮ ಮನೆ ಬಾಗಿಲಿಗೇ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ನಮ್ಮ ಅಜ್ಜಿ ಎಮ್ಮಿಗನೂರಿನಲ್ಲಿದ್ದಳು. ರಜೆ ಸಿಕ್ಕಾಗ ಕಂಪ್ಲಿಯಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಹೋಗುತ್ತಿದ್ದೆ. ಹೋದ ಕೂಡಲೇ ಆಟ, ಆಡುತ್ತಲೇ ತೀರಿಹೋದ ತಾತನ ಮೇಲೆ ದೂರು. "ನಿಮ್ಮ ತಾತ ಏನ್ ಕಡಿಮಿ ಇರಲಿಲ್ಲ. ಎತ್ತು ತರತೀನಿ ಅಂತ ನನ್ನ ತವರೂರು ಪಾಪಿನಾಯಕನಹಳ್ಳಿಗೆ ಹ್ವಾದ್ರು. ಮೂರು ದಿನ ತಿಂದುಂಡು, ಕೈ ಬೀಸಿಕೊಂತ ಬಂದ್ರು." ಈ ಎತ್ತಿನ ಕಥೆ ನನಗೆ ಬಾಯಿಪಾಠವಾಗಿತ್ತು.

ಅಜ್ಜಿ ಆಡುತ್ತಿದ್ದದ್ದು ಎಲ್ಲರ ಹುಲಿ-ಕುರಿ ಅಲ್ಲ. ಅವಳ ಆಟದಲ್ಲಿ ಹದಿನಾಲ್ಕು ಕುರಿ ಮತ್ತು ಒಬ್ಬಳು ಮುದುಕಿ. ಕುರಿಗಳಿಗೆ ಹುಣಸೆ ಬೀಜ, ಮುದುಕಿಗೆ ಒಡೆದ ಬಳೆಯ ಚೂರು. ಮುದುಕಿಯನ್ನು ಹುಲಿ ಹಾರುವಂತಿಲ್ಲ. ಆದರೆ ಅವಳು ಯಾವ ಕಡೆಗೂ ಅಲುಗದಂತಾದರೆ ಕುರಿಗಳೆಲ್ಲ ಸೋತ ಹಾಗೆ. ಮಜಾ ಇರುವುದೇ ಇಲ್ಲಿ. ಅವಳನ್ನು ಹುಲಿಗಿಂತ ಹೆಚ್ಚಾಗಿ ಕಟ್ಟಿಹಾಕುತ್ತಿದ್ದದ್ದು ಅವಳ ಕಡೆಯವೇ ಆದ ದಡ್ಡ ಕುರಿಗಳು. ಅಜ್ಜಿ ಯಾವಾಗಲೂ ಕುರಿಯ ಕಡೆಗೇ ಕೂರುತ್ತಿದ್ದಳು. ನಾನು ಒಮ್ಮೆಯೂ ಗೆದ್ದಿರಲಿಲ್ಲ.

ಈ ಆಟದ ಬಗ್ಗೆ ಚಂದದ ಪುಟ ಬರೆದೆ. ಅಜ್ಜಿಗೆ ಫೋನ್ ಮಾಡಿ, "ನಿನ್ನ ಆಟ ಕಂಪ್ಯೂಟರ್‌ನಾಗ ಬಂದೈತಿ," ಎಂದೆ. ಅಜ್ಜಿ ಹಿಟ್ಟಿನ ಗಿರಣಿಯಿಂದ ಹಿಡಿದು ಊರಿಗೆಲ್ಲ ಡಂಗುರ ಸಾರಿದಳು. ಎರಡೇ ದಿನದಲ್ಲಿ ಅವಳಿಗೆ ಕಂಪ್ಯೂಟರ್ ಅಜ್ಜಿ ಎಂದು ಹೆಸರು ಬಿತ್ತು. ಮೂರನೆಯ ದಿನ ಮೇಷ್ಟ್ರು ಪುಟದ ನೆತ್ತಿಯ ಮೇಲೆ ಪಟ್ಟಿ ಕಟ್ಟಿದರು: ಎರಡನೆಯ ಊರಿನ ಸಾಕ್ಷಿ ಇಲ್ಲ, ದಸರಾ ತನಕ ನೋಡಿ ತೆಗೆಯಲಾಗುವುದು.

ಮೈಯೆಲ್ಲ ಉರಿದುಹೋಯಿತು. ನನ್ನ ಅಜ್ಜಿಯೇನು ಸುಳ್ಳುಬುರುಕಿಯೇ? ಪುಟ ಹೋದರೆ ಗಿರಣಿಯ ಮುಂದೆ ಅವಳು ಮುಖ ಎತ್ತಿ ನಡೆಯುವುದು ಹೇಗೆ? ಆ ಸಿಟ್ಟಿನಲ್ಲೇ ಸೀಮೆಸುಣ್ಣ ಹಿಡಿದು ಹೊರಗೆ ಬಂದು, ಕಾಟಾದ ಸಿಮೆಂಟ್ ಕಟ್ಟೆಯ ಮೇಲೆ ಮನೆ ಬರೆದು, ಸಾಲಿನಲ್ಲಿ ನಿಂತ ಡ್ರೈವರುಗಳನ್ನು ಕರೆದೆ. "ಬರ್ರಿ ಇಲ್ಲಿ, ಆಟ ಅಂದ್ರ ಏನಂತ ಕಲಸ್ತೀನಿ." ಬಳೆ ಚೂರು ಇರಲಿಲ್ಲ, ಸೋಡಾ ಬಾಟಲಿಯ ಮುಚ್ಚಳವನ್ನೇ ಮುದುಕಿ ಮಾಡಿದೆ. ಆಣೆ ಮಾಡಿ ಹೇಳುತ್ತೇನೆ, ಆಗ ಸಾಕ್ಷಿ ಹುಟ್ಟಿಸುವ ಯೋಚನೆ ನನಗಿರಲಿಲ್ಲ, ಬರೀ ಸಿಟ್ಟಿತ್ತು. ಡ್ರೈವರುಗಳಿಗೆ ಆಟ ಹುಚ್ಚು ಹಿಡಿಸಿತು. ಸಾಲು ಕದಲಿದರೂ ಏಳದೆ ಹಿಂದಿನವರಿಂದ ಬೈಸಿಕೊಳ್ಳತೊಡಗಿದರು.

ದಸರಾಕ್ಕೆ ಇನ್ನೂ ಹದಿನೈದು ದಿನವಿರುವಾಗ ಪುಟದ ಮೇಲಿನ ಪಟ್ಟಿ ಮಾಯವಾಯಿತು. ಸಂಡೂರಿನ ಲೇತ್ ಅಣ್ಣ ಸಾಕ್ಷಿ ಬರೆದಿದ್ದರು. ಅವರ ಅಂಗಡಿ ಮುಂದೆ ಲಾರಿಯವರು ಇದೇ ಆಟ ಆಡುತ್ತಾರೆ, ಭಾಳ ಹಳೆಯದಂತೆ, ಒಬ್ಬ ಡ್ರೈವರಿನ ಮುತ್ತಜ್ಜನ ಕಾಲದಿಂದ ಇದೆಯಂತೆ. ನಾನು ಕಾಟಾದ ಕೋಣೆಯಲ್ಲಿ ಕುಣಿದೆ. ಗಾಜಿನಾಚೆ ಚೀಟಿಗೆ ಕಾಯುತ್ತಿದ್ದ ಡ್ರೈವರ್ ಗಾಬರಿಯಾಗಿ ಇನ್ನೊಬ್ಬನನ್ನು ಕರೆದ. ಕುಣಿದು ಮುಗಿಸಿ ಉಳಿದ ಸಾಲು ಓದಿದೆ: ಮುದುಕಿಯ ಕಾಯಿಗೆ ತಲೆತಲಾಂತರದಿಂದ ಸೋಡಾ ಬಾಟಲಿಯ ಮುಚ್ಚಳವನ್ನೇ ಬಳಸುವುದು ವಾಡಿಕೆ.

ಆ ಮುತ್ತಜ್ಜ ನಾನೇ.

ಅಲ್ಲಿಗೇ ನಿಂತಿದ್ದರೆ ಬಾಯಿ ಮುಚ್ಚಿಕೊಂಡು ಇರುತ್ತಿದ್ದೆನೋ ಏನೋ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೇನು ಬರ. ಹಂಪಿಯ ಗೈಡ್ ಒಂದು ಆಟದ ಮನೆಯ ಪಕ್ಕ ಬಂಡೆ ಸವೆದು ಗೂನು ಬೆನ್ನಿನಂತೆ ಕಂಡದ್ದರ ಫೋಟೊ ಹಾಕಿ, ಇದು ಮುದುಕಿಯೇ ಇರಬೇಕು, ಅರಸರ ಕಾಲದ್ದು ಎಂದು ಬರೆದರು. ಪ್ರವಾಸಿಗಳಿಗೆ ತೋರಿಸುವುದನ್ನೂ ಶುರು ಮಾಡಿದರು. ಮೇಷ್ಟ್ರು ಫೋನ್ ಮಾಡಿ, "ನಿಮ್ಮ ಅಜ್ಜಿ ಪಾದಕ್ಕ ಶರಣು ಅಂತ ಹೇಳು ತಂಗೀ," ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಸ್ಥಿತಿ ನನ್ನದು. ನಿಜ ಹೇಳಿದರೆ ಅಜ್ಜಿಯ ಪುಟ ಹೋಗುತ್ತದೆ. ಹೇಳದಿದ್ದರೆ ನಾವು ಕಟ್ಟಿದ ಕೋಶವೇ ಸುಳ್ಳಿನ ಕಂತೆಯಾಗುತ್ತದೆ.

ಇರುವುದು ಒಂದೇ ದಾರಿ, ಅಜ್ಜಿಗೆ ಇದನ್ನು ಕಲಿಸಿದವರು ಯಾರೆಂದು ತಿಳಿದು ಅವರ ಊರಿಗೆ ಹೋಗುವುದು. ಸೀದಾ ಎಮ್ಮಿಗನೂರಿಗೆ ಹೋಗಿ ಕೇಳಿದೆ.

"ಯಾರರ ಕಲಸಬೇಕೇನ? ನಾನ ಮಾಡಿದ್ದು," ಎಂದಳು ಅಜ್ಜಿ, ಅವರೆಕಾಯಿ ಸುಲಿಯುತ್ತ. "ಮದುವಿ ಆದ ಹೊಸತರಾಗ ನಿಮ್ಮ ತಾತ ದಿನಾ ಹುಲಿ ಹಿಡಿತಿದ್ರು, ದಿನಾ ನಾ ಸೋಲತಿದ್ದೆ. ಒಂದಿನ ರೇಗಿತು. ಬಳಿ ಚೂರು ಇಟ್ಟು, ಇದು ಮುದುಕಿ, ಇದನ್ನ ಹಾರಂಗಿಲ್ಲ ಅಂದೆ. ಯಾವೂರ ಆಟ ಇದು ಅಂದ್ರು. ನಮ್ಮ ತವರೂರಾಗ ಹಿಂಗ ಆಡ್ತಾರ ಅಂದೆ. ಪಾಪ, ನಂಬಿಬಿಟ್ರು." ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಗಂಡನನ್ನು ಐವತ್ತು ವರ್ಷ ಯಾಮಾರಿಸಿದ ಹೆಮ್ಮೆ ಅವಳ ಮುಖದಲ್ಲಿತ್ತು.

ಹಿಂದಿರುಗುವಾಗ ನಾನು ಕಂಪ್ಲಿಯಲ್ಲೇ ಇಳಿದು, ಮೇಷ್ಟ್ರ ಮನೆಗೆ ಹೋಗಿ, ಸೋಡಾ ಮುಚ್ಚಳದಿಂದ ಅವರೆಕಾಯಿಯ ತನಕ ಎಲ್ಲವನ್ನೂ ಒದರಿಬಿಟ್ಟೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಕನ್ನಡಕ ಏರಿಸಿಕೊಂಡು ಪುಟವನ್ನು ಮತ್ತೊಮ್ಮೆ ಓದಿದರು.

"ಪಟ್ಟಿ ಮತ್ತ ಹಾಕಬೇಕು ತಂಗೀ, ಕಟ್ಟಳಿ ಕಟ್ಟಳಿನ," ಎಂದರು. "ಆದ್ರ ನಿಮ್ಮ ಅಜ್ಜಿ ಒಂದೂರ ಹೆಸರು ಹೇಳ್ಯಾಳ. ಸುಳ್ಳರ ಇರಲಿ, ಹೋಗಿ ನೋಡದ ಸುಳ್ಳು ಅಂತ ಬರಿಯಾಕ ಬರಂಗಿಲ್ಲ. ಸೋಡಾ ಮುಚ್ಚಳ ಕಂಡ್ರ ಅದು ನಿನ್ನ ಶಿಷ್ಯರದು. ಬಳಿ ಚೂರು ಕಂಡ್ರ ಬ್ಯಾರೆ ಮಾತು."

ಮರುದಿನ ಇಬ್ಬರೂ ಪಾಪಿನಾಯಕನಹಳ್ಳಿಯಲ್ಲಿ ಇಳಿದೆವು. ನನಗೆ ಏನೂ ಆಸೆ ಇರಲಿಲ್ಲ. ಊರ ಕಟ್ಟೆಯ ಮೇಲೆ ಇಬ್ಬರು ಮುದುಕರು ಆಡುತ್ತಿದ್ದರು. ಒಬ್ಬರು ಅಜ್ಜಿಯ ತಮ್ಮ, ಮದುವೆಗಳಲ್ಲಿ ನೋಡಿದ್ದೆ. ಇನ್ನೊಬ್ಬರು ನಮ್ಮ ಸಂಬಂಧವೇ ಅಲ್ಲದ ಪಕ್ಕದ ಓಣಿಯವರು. ಕಲ್ಲಿನ ಮೇಲೆ ಗೆರೆ ಕೊರೆದು ಕೊರೆದು ಆಳವಾಗಿತ್ತು. ಹುಣಸೆ ಬೀಜಗಳ ನಡುವೆ ಒಂದು ಹಸಿರು ಬಳೆ ಚೂರು. ಮೇಷ್ಟ್ರು ನನ್ನ ರಟ್ಟೆ ಹಿಡಿದುಕೊಂಡರು. ಆಮೇಲೆ ನೋಡಿದರೆ ಬೆರಳಿನ ಗುರುತು ಮೂಡಿತ್ತು.

"ಈ ಆಟ ನಿಮಗ ಯಾರು ಕಲಿಸಿದ್ರಿ?" ಎಂದು ಕೇಳಿದರು.

"ನಮ್ಮ ಭಾವ," ಎಂದರು ಅಜ್ಜಿಯ ತಮ್ಮ. "ನಾ ಸಣ್ಣಾವ ಇದ್ದೆ. ಎತ್ತು ಕೊಳ್ಳಾಕ ಬಂದೀನಿ ಅಂತ ಒಬ್ರೇ ಬಂದ್ರು. ಬಂದಾವ್ರ, ಈ ಆಟ ನಿಮ್ಮೂರಾಗ ಆಡ್ತೀರೇನು ಅಂತ ಕೇಳಿದ್ರು. ಯಾರಿಗೂ ಗೊತ್ತಿರಲಿಲ್ಲ. ಭಾಳ ನಕ್ರು. ಮೂರು ದಿನ ಇದ ಕಟ್ಟಿ ಮ್ಯಾಲೆ ಕುಂತು ಮಂದಿಗೆಲ್ಲ ಕಲಿಸಿದ್ರು. ಎತ್ತಿನ ಕಡಿ ಹೊಳ್ಳೀನೂ ನೋಡಲಿಲ್ಲ. ಹೋಗೂವಾಗ, ಯಾರರ ಕೇಳಿದ್ರ ಮೊದಲಿಂದ ಐತಿ ಅನ್ರಿ, ನಿಮ್ಮಕ್ಕನ ಮಾತು ಸುಳ್ಳಾಗಬಾರದು ಅಂದ್ರು."

ಮೇಷ್ಟ್ರು ಕಟ್ಟೆಯ ಮೇಲೆ ಕೂತುಬಿಟ್ಟರು. ಪಕ್ಕದ ಓಣಿಯ ಅಜ್ಜನ ಸಾಕ್ಷಿಯನ್ನು ಅವರೇ ಕೈಯಾರೆ ಬರೆದುಕೊಂಡರು. ಆ ವಾರ ಮತ್ತೆ ಹಾಕಿದ್ದ ಪಟ್ಟಿ ಹೋಯಿತು, ಮುತ್ತಜ್ಜ ಹೋದ, ಗೂನು ಬೆನ್ನಿನ ಬಂಡೆಯೂ ಹೋಯಿತು. ಗೈಡ್ ನನ್ನ ಜೊತೆ ಒಂದು ತಿಂಗಳು ಮಾತಾಡಲಿಲ್ಲ. ಗಣಿ ಮುಚ್ಚಿ ಲಾರಿಗಳು ನಿಂತ ಕೆಲವು ವರ್ಷಕ್ಕೆ ಇಂಟರ್‌ನೆಟ್ಟಿನಲ್ಲಿ ಕೋಶಕ್ಕೆ ಪುಕ್ಕಟೆ ಜಾಗ ಕೊಟ್ಟವರೂ ಬಾಗಿಲು ಹಾಕಿದರು. ಮುದುಕಿಯ ಪುಟ ಕೊನೆಯ ದಿನದ ತನಕ ಇತ್ತು.

ಅವತ್ತು ಪಾಪಿನಾಯಕನಹಳ್ಳಿಯಿಂದ ನಾನು ಮನೆಗೆ ಹೋಗದೆ ನೇರ ಎಮ್ಮಿಗನೂರಿಗೇ ಹೋಗಿದ್ದೆ. ಚಪ್ಪಲಿ ಬಿಡುವ ಮೊದಲೇ ಎಲ್ಲ ಹೇಳಿದೆ. ಅಜ್ಜಿ ಕೇಳುತ್ತ ಕೇಳುತ್ತ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ಎತ್ತು ತರಲಿಲ್ಲ ಅಂತ ಎರಡು ದಿನ ಬೈದಿದ್ದೆ," ಎಂದಳು. "ಬಾಯಿ ಬಿಡಲಿಲ್ಲ ನೋಡು."

ಎದ್ದು, ಹುಣಸೆ ಬೀಜದ ಡಬ್ಬಿ ತಂದು ನನ್ನ ಮುಂದೆ ಇಟ್ಟಳು. "ಕುಂದ್ರು. ಇವತ್ತು ಹುಲಿ ನನಗ ಕೊಡು."

ಅವಳು ಹುಲಿ ಹಿಡಿದದ್ದನ್ನು ನಾನು ಅದೇ ಮೊದಲು ನೋಡಿದ್ದು. ನಾನು ಕುರಿಗಳನ್ನು ದಡ್ಡಿಯ ಹಾಗೆ ನಡೆಸಿದೆ. ಮುದುಕಿಯನ್ನು ಕಟ್ಟಿಹಾಕುವ ದಾರಿ ಎರಡು ಸಲ ತೆರೆದಿತ್ತು, ನನಗೇ ಕಾಣುತ್ತಿತ್ತು. ಎರಡು ಸಲವೂ ಅಜ್ಜಿ ಬಳೆ ಚೂರನ್ನು ಒಮ್ಮೆ ನೋಡಿ, ಹುಲಿಯನ್ನು ಎತ್ತಿ ಬೇರೆ ಕಡೆಗೆ ನಡೆಸಿದಳು. ಆ ಆಟ ನಾನು ಗೆದ್ದೆ.