ಬೀಗ ಬಿದ್ದ ಮನೆಗೆ ಬಣ್ಣ

ಪಕ್ಕದ ಮನೆಗೆ ಬೀಗ ಬಿದ್ದು ತಿಂಗಳುಗಳಾಗಿದ್ದವು. ಆದರೂ ಪೇಂಟರ್ ಬೆಳಗ್ಗೆಯಿಂದ ಅದರ ಮುಂಬಾಗಿಲಿಗೆ ಬಣ್ಣ ಬಳಿಯುತ್ತಿದ್ದ. ಕೂಲಿ ಕೊಡುವವರು ಯಾರೂ ಇರಲಿಲ್ಲ. ಹೆಂಡತಿ ಆ ಮನೆಯ ತಂತಿಯ ಮೇಲೆ ತಮ್ಮ ಬಟ್ಟೆ ಒಣಹಾಕುತ್ತಿದ್ದಳು.

"ರೀ, ನಿಮ್ಮ ತೂತು ಬನಿಯನ್ನೂ ಹಾಕ್ಲಾ?"

"ಹಾಕು. ಜನ ಇದ್ದಾರೆ ಅಂತ ಗೊತ್ತಾಗ್ಲಿ."

"ಇದನ್ನ ನೋಡಿದ್ರೆ ಬರೋರೂ ಓಡಿಹೋಗ್ತಾರೆ."

ಆತ ನಗಲಿಲ್ಲ. ಮಧ್ಯಾಹ್ನ ಪೇಂಟರನ ಸ್ವಂತ ಮನೆ ನೋಡಲು ಗಿರಾಕಿಗಳು ಬರುವವರಿದ್ದರು. ಇವತ್ತು ಮಾರಾಟವಾಗದಿದ್ದರೆ ಸಾಲದ ಕಂಪನಿ ಮನೆಯನ್ನು ಹರಾಜಿಗೆ ಹಾಕುತ್ತಿತ್ತು. ಪಾಳುಬಿದ್ದ ಬೀದಿಯಲ್ಲಿ ಯಾರು ಮನೆ ಕೊಳ್ಳುತ್ತಾರೆ?

ಒಂದು ಕಾಲಕ್ಕೆ ಇದೇ ಬೀದಿಯಲ್ಲಿ ಪೇಂಟರನಿಗೆ ತಲೆ ಕೆರೆದುಕೊಳ್ಳಲು ಪುರುಸೊತ್ತಿರಲಿಲ್ಲ. ಕಂಪನಿಯ ಏಜೆಂಟ್ ಕೇಳಿದವರಿಗೆಲ್ಲ ಸಾಲ ಕೊಡಿಸಿದ. ಸಂಬಳ ಕೇಳಲಿಲ್ಲ, ಕೆಲಸ ಇದೆಯೇ ಅಂತಲೂ ಕೇಳಲಿಲ್ಲ. ಒಂದೊಂದು ಮನೆಗೆ ಹತ್ತು ಜನ ಮುಗಿಬಿದ್ದರು. ಬೆಲೆ ಏರಿತು. ಏರಿದ ಬೆಲೆ ನೋಡಿ ಕಂಪನಿ ಇನ್ನೂ ದೊಡ್ಡ ಸಾಲ ಕೊಟ್ಟಿತು. ಬೆಲೆ ಮತ್ತೆ ಏರಿತು. ಬಾಡಿಗೆಗಿದ್ದ ಪೇಂಟರನಿಗೂ ಮಾಲೀಕ ಗಡುವು ಕೊಟ್ಟ: ಕೊಂಡುಕೋ, ಇಲ್ಲ ಖಾಲಿ ಮಾಡು.

"ಕಂತು ಕಟ್ಟೋಕಾಗ್ದಿದ್ರೆ?" ಎಂದು ಹೆಂಡತಿ ಏಜೆಂಟನನ್ನು ಕೇಳಿದ್ದಳು.

"ಮಾರ್ಬಿಡಿ ಅಕ್ಕಾ. ಸಾಲ ತೀರಿ ಕೈಗೂ ನಾಕು ಕಾಸು ಬರತ್ತೆ. ಮನೆ ಬೆಲೆ ಎಲ್ಲಾದ್ರೂ ಇಳಿಯತ್ತಾ?"

ಅವರೂ ಸಾಲ ಮಾಡಿ ಮನೆ ಕೊಂಡರು. ಎರಡು ವರ್ಷ ಬಡ್ಡಿ ಕಡಿಮೆ ಇತ್ತು. ಆಮೇಲೆ ಬಡ್ಡಿ ಏರಿ ಕಂತು ಕುತ್ತಿಗೆಗೆ ಬಂತು. ಪಕ್ಕದ ಮನೆಯ ಡ್ರೈವರ್ ಮೊದಲು ಕೈಚೆಲ್ಲಿದ, ಬೀಗ ಹಾಕಿ ಹೊರಟುಹೋದ. ಬೀದಿಗೆ ಬೀದಿಯೇ ಮಾರಲು ನಿಂತಿತು. ಕೊಳ್ಳುವವರಿಲ್ಲ. ಎದುರು ಮನೆಯನ್ನು ಕಂಪನಿ ಹರಾಜಿನಲ್ಲಿ ಸಿಕ್ಕಷ್ಟಕ್ಕೆ ಕೊಟ್ಟಿತು. ಅದೇ ಎಲ್ಲರ ಮನೆಯ ಬೆಲೆಯಾಯಿತು. ಕಂತು ತಪ್ಪಿಸದವರ ಮನೆಯದೂ.

ಗಿರಾಕಿಗಳು ಬಂದರು. ಬೇರೆ ಊರಿನ ಗಂಡ ಹೆಂಡತಿ. ಅವಳು ತುಂಬು ಬಸುರಿ. ನಲ್ಲಿ ತಿರುಗಿಸಿ ನೋಡಿದರು, ಕಿಟಕಿ ತೆರೆದು ನೋಡಿದರು. ಹೇಳಿದ ಬೆಲೆಗೆ ಒಪ್ಪಿದರು. ಆ ದುಡ್ಡಿನಲ್ಲಿ ಸಾಲ ತೀರುತ್ತಿತ್ತು.

"ಪಕ್ಕದ ಮನೆಯೋರು ಹೇಗಣ್ಣಾ?" ಎಂದಳು ಬಸುರಿ. "ಇವ್ರು ಕೆಲ್ಸಕ್ಕೆ ಹೋದ್ರೆ ನಾನು, ಮಗು ಇಬ್ರೇ."

ಪೇಂಟರನ ಹೆಂಡತಿಯೇ ಮುಂದೆ ಬಂದಳು. "ಒಳ್ಳೆ ಜನಾನಮ್ಮ. ನೋಡು, ಬಟ್ಟೆ ಒಣಗ್ತಿದೆ."

"ದುಡ್ಡಿಗೇನು ಮಾಡ್ತೀರಿ?" ಎಂದು ಪೇಂಟರ್ ಕೇಳಿದ.

"ಹೊಸ ಕಂಪನಿ ಸಾಲ ಅಣ್ಣಾ," ಎಂದ ಗಂಡ. "ಸಂಬಳದ ಚೀಟೀನೂ ಕೇಳ್ಲಿಲ್ಲ. ಎರಡು ವರ್ಷ ಬಡ್ಡಿ ಕಡಿಮೆ."

ಪೇಂಟರ್ ಅವಳ ಹೊಟ್ಟೆಯತ್ತ ನೋಡಿದ. ಆಮೇಲೆ ತಂತಿಯತ್ತ.

"ಆ ಬನಿಯನ್ನು ನಂದು ತಾಯಿ. ಆ ಮನೇಲಿ ಯಾರೂ ಇಲ್ಲ. ಬಾಗಿಲು ಮುಟ್ಬೇಡ, ಬಣ್ಣ ಹಸಿ ಇದೆ."

ಅವರು ಹೊರಟುಹೋದರು.

"ಊರಿಗೆಲ್ಲ ಉಪಕಾರ ಮಾಡಿ!" ಹೆಂಡತಿ ಕಿರುಚಿದಳು. "ನಾವೆಲ್ಲಿ ಮಲಗೋದು?"

"ಎಲ್ಲಾದ್ರೂ ಒಂದು ರೂಮು ಸಿಗತ್ತೆ. ನಡಿ, ಬಟ್ಟೆ ತೆಗಿ."

ಮನೆ ಹರಾಜಾಯಿತು. ಬಾಡಿಗೆ ಕೋಣೆಯಲ್ಲಿ ಆತ ಬದುಕಿದ್ದು ಒಂದೇ ವರ್ಷ. ಆಕೆ ಈಗಲೂ ಆ ತೂತು ಬನಿಯನ್ನು ಒಗೆದು ತಂತಿಯ ಮೇಲೆ ಹಾಕುತ್ತಾಳೆ. ಮನೆಯಲ್ಲಿ ಜನ ಇದ್ದಾರೆ ಅಂತ ಗೊತ್ತಾಗಲಿ.