ದೇವರ ಕೋಣೆಗೆ ಹೋದ ಕಾದಂಬರಿಗಳು

ಓದದೆ ಇಟ್ಟ ಪುಸ್ತಕಗಳ ಬಗ್ಗೆ ಜನ ನನ್ನನ್ನು ಕೇಳುವ ಧಾಟಿ ನನಗೆ ಸೇರುವುದಿಲ್ಲ. ಕಪಾಟಿನಲ್ಲಿ ಮಡಿಕೆ ಬಿಚ್ಚದ ಸೀರೆಗಳಿದ್ದರೆ ಯಾರೂ ತುಟಿ ಬಿಚ್ಚುವುದಿಲ್ಲ. ಅಟ್ಟದ ಮೇಲೆ ಒಮ್ಮೆಯೂ ಒಲೆ ಕಾಣದ ಹಿತ್ತಾಳೆ ಪಾತ್ರೆಗಳಿದ್ದರೆ ಅದು ಮನೆತನದ ಗೌರವ. ಪುಸ್ತಕವನ್ನು ಮಾತ್ರ ತಂದ ವಾರದೊಳಗೆ ಓದಿ ಮುಗಿಸಬೇಕು, ಇಲ್ಲದಿದ್ದರೆ ಆ ಹೆಂಗಸಿಗೆ ಹುಚ್ಚು. ನಿಪ್ಪಾಣಿಯ ನಮ್ಮ ಮನೆಯ ಪಡಸಾಲೆಯಲ್ಲಿ, ನನ್ನ ತವರಿನ ಟ್ರಂಕಿನ ಮೇಲೆ, ಓದದ ಪುಸ್ತಕಗಳು ಅರವತ್ತಕ್ಕೂ ಹೆಚ್ಚು ಇದ್ದವು. ಒಂದಕ್ಕೂ ನಾನು ಯಾರ ಬಳಿಯೂ ಕ್ಷಮೆ ಕೇಳಿಲ್ಲ.

ಅವು ಒಂದೇ ದಿನ ಬಂದವಲ್ಲ. ಇಪ್ಪತ್ತು ವರ್ಷ ನಾನು ನಿಪ್ಪಾಣಿಯಿಂದ ಚಿಕ್ಕೋಡಿಯ ಆಫೀಸಿಗೆ ಬಸ್ಸಿನಲ್ಲಿ ಓಡಾಡಿದ್ದೇನೆ. ಕಾರಕೂನಳ ಕೆಲಸ. ಸೀಟು ಸಿಗದ ದಿನ ನಿಂತು ಓದಲಾಗದು, ಸೀಟು ಸಿಕ್ಕ ದಿನ ನಿದ್ದೆ ಬಿಡದು. ಆದರೂ ಅಥಣಿಗೆ ಮದುವೆಗೆ ಹೋದರೆ ಒಂದು ಪುಸ್ತಕ, ರಾಯಬಾಗಕ್ಕೆ ನಾದಿನಿಯ ಮನೆಗೆ ಹೋದರೆ ಒಂದು, ನಮ್ಮೂರ ಸಂತೆಯಲ್ಲಿ ಹಳೆ ಪುಸ್ತಕದವನು ಚಾಪೆ ಹಾಸಿದರೆ ನಾಲ್ಕು. ಎಂದಾದರೂ ಓದುತ್ತೇನೆ ಎಂಬ ಧೈರ್ಯದ ಮೇಲೆ ತಂದವು. ನನ್ನ ಯಜಮಾನರು ಪ್ರತಿ ದೀಪಾವಳಿಗೆ ಮನೆ ಸುಣ್ಣ ಹೊಡೆಸುವಾಗ ಒಂದೇ ಮಾತು ಕೇಳುತ್ತಿದ್ದರು.

"ಇವನ್ನ ಓದಾಕ ತಂದಿಯೋ, ಒಟ್ಟಿ ಇಡಾಕ ತಂದಿಯೋ?"

"ಎರಡಕ್ಕೂ," ಎನ್ನುತ್ತಿದ್ದೆ. "ಇನ್ನೂ ನಾ ಬದುಕೀನಿ. ಓದತೀನಿ."

ಮೂರು ವರ್ಷಗಳ ಹಿಂದೆ ಅವರು ರದ್ದಿಯವನನ್ನು ಬಾಗಿಲಿಗೇ ಕರೆದುಕೊಂಡು ಬಂದರು. ನಾನು ಅವನ ತಕ್ಕಡಿಯನ್ನು ಎತ್ತಿ ಅವನ ಕೈಗೇ ಕೊಟ್ಟು ಕಳಿಸಿದೆ. ಅವತ್ತೇ ನಿಶ್ಚಯ ಮಾಡಿದೆ: ಈ ರಾಶಿ ಮುಗಿಯುವವರೆಗೆ ಹೊಸ ಪುಸ್ತಕ ತರುವುದಿಲ್ಲ. ಮೇಲಿನಿಂದ ಒಂದೊಂದೇ ತೆಗೆದು ಓದುವುದು. ಓದಿ ಮುಗಿದದ್ದನ್ನು ಮನೆಯಲ್ಲಿ ಇಟ್ಟುಕೊಳ್ಳದೆ ಓದುವವರ ಕೈಗೆ ದಾಟಿಸುವುದು.

ಓದುವವರು ಸಿಕ್ಕರು. ಹುಡುಕುವವರಿಗೆ ನಮ್ಮ ಕಡೆ ಓದುಗರ ಬರವಿಲ್ಲ. ನಮ್ಮ ಬಸ್ಸಿನ ಕಂಡಕ್ಟರರು ಮರಾಠಿ, ಕನ್ನಡ ಎರಡನ್ನೂ ಓದುತ್ತಿದ್ದರು. ಕೊಲೆಯ ಕಥೆಗಳು ಅವರಿಗೆ ಪ್ರಾಣ. ಆದರೆ ನಾನು ಹೇಳಬೇಕಾದದ್ದು ಚಿಕ್ಕೋಡಿ ಬಳಿಯ ಹಳ್ಳಿ ಕರೋಶಿಯ ಹುಡುಗಿಯ ಬಗ್ಗೆ. ಹುಡುಗಿ ಎಂದರೆ ಮೂವತ್ತರ ಆಸುಪಾಸು, ನನಗಿಂತ ಹದಿನೈದು ವರ್ಷ ಚಿಕ್ಕವಳು. ನಮ್ಮ ಆಫೀಸಿನ ಆವರಣದಲ್ಲೇ ಇನ್ನೊಂದು ಆಫೀಸಿನಲ್ಲಿ ಟೈಪಿಸ್ಟ್. ಬೌದ್ಧರಾದ ದಲಿತರ ಮನೆಯವಳು. ತಂದೆ ತಾಯಿ ಇಬ್ಬರೂ ಬೇರೆಯವರ ಹೊಲದಲ್ಲಿ ಕೂಲಿ ಮಾಡಿ ಅವಳನ್ನು ಓದಿಸಿದವರು.

ಒಂದು ಸಂಜೆ ಚಿಕ್ಕೋಡಿಯ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಓದುತ್ತಿದ್ದೆ. ಪಕ್ಕದಿಂದ ಒಂದು ದನಿ ಬಂತು.

"ಹಾಳಿ ಲಗೂನ ತಿರವ್ರಿ ಅಕ್ಕಾರ. ನಂದ ಮುಗದು ಎಷ್ಟೊತ್ತಾತು."

ತಿರುಗಿ ನೋಡಿದರೆ ಇವಳು. ನನ್ನ ಭುಜದ ಮೇಲಿಂದ ಅರ್ಧ ಅಧ್ಯಾಯ ಓದಿ ಮುಗಿಸಿದ್ದಳು. ಸಿಟ್ಟು ಬರಬೇಕಿತ್ತು, ನಗು ಬಂತು. ಮರುವಾರ ಆ ಪುಸ್ತಕ ಓದಿ ಮುಗಿಸಿ ಅವಳಿಗೇ ಕೊಟ್ಟೆ. ಎರಡೇ ದಿನದಲ್ಲಿ ಹಿಂದಕ್ಕೆ ತಂದಳು. ಕಥೆಯಲ್ಲಿ ಒಬ್ಬಳು ಹೊಲದಲ್ಲಿ ಹಾಡುತ್ತ ಕಳೆ ಕೀಳುವ ಪ್ರಸಂಗವಿತ್ತು, ನನಗೆ ಬಹಳ ಹಿಡಿಸಿತ್ತು.

"ಇದನ್ನ ಬರದಾಂವ ಒಂದ ದಿನಾರೆ ಕಳೆ ತಗದಾನೇನ್ರಿ?" ಎಂದಳು. "ನಮ್ಮವ್ವಗ ಓದಿ ಹೇಳಿದೆ. ಆಕಿ ನಕ್ಕ ನಕ್ಕ ಸುಸ್ತಾದ್ಲು. ನಡಾ ಹಿಡದಾಕಿಗೆ ಹಾಡ ಎಲ್ಲಿಂದ ಬರ್ತಾವ್ರಿ?"

ಅವತ್ತಿನಿಂದ ನಾನು ಓದುವ ರೀತಿಯೇ ಬದಲಾಯಿತು. ಪ್ರತಿ ಪುಟಕ್ಕೂ ಇವಳು ಏನೆನ್ನುತ್ತಾಳೆ ಎಂದು ಯೋಚಿಸುತ್ತಿದ್ದೆ. ಹೀಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ನಾನು ಓದಿ ಮುಗಿಸಿದ್ದು ಅವಳ ಚೀಲಕ್ಕೆ, ಅಲ್ಲಿಂದ ಬಂದದ್ದು ಕಂಡಕ್ಟರರ ಕೈಗೆ ಹೋಗುತ್ತಿತ್ತು. ಟ್ರಂಕಿನ ಮೇಲಿನ ರಾಶಿ ಮೊಣಕಾಲ ಮಟ್ಟಕ್ಕೆ ಇಳಿಯಿತು.

ಆಗ ಬಂತು ಶ್ರುತ ಪಂಚಮಿ. ನಾವು ಜೈನರು. ಆ ದಿನ ಬಸದಿಯಲ್ಲೂ ಮನೆಗಳಲ್ಲೂ ಶಾಸ್ತ್ರಗ್ರಂಥಗಳನ್ನು ಹೊರಗೆ ತೆಗೆದು, ದೂಳು ಒರೆಸಿ, ಬಿಸಿಲು ತೋರಿಸಿ, ಹೊಸ ಬಟ್ಟೆಯಲ್ಲಿ ಸುತ್ತಿ ಪೂಜಿಸುತ್ತಾರೆ. ಕಾಗವಾಡದ ಕಡೆಯಿಂದ ಬಂದ ನಮ್ಮ ಅತ್ತೆ ಐವತ್ತು ವರ್ಷಗಳಿಂದ ಒಂದು ಸಲವೂ ಇದನ್ನು ತಪ್ಪಿಸಿಲ್ಲ. ನಾನು ಆಫೀಸಿನಿಂದ ಬರುವಷ್ಟರಲ್ಲಿ ಟ್ರಂಕಿನ ಮೇಲೆ ಏನೂ ಇರಲಿಲ್ಲ.

ರದ್ದಿಗೆ ಹೋದವು ಎಂದೇ ತಿಳಿದೆ. ಅತ್ತೆ ಅಡುಗೆಮನೆಯಿಂದ ಬಂದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ, ತುಂಬ ಸಂತೋಷದಲ್ಲಿ ಹೇಳಿದರು.

"ನಿನ್ನ ಪುಸ್ತಕಕ್ಕೂ ಪೂಜಾ ಮಾಡೀನಿ. ಧೂಳ ತಿನ್ನಾಕತ್ತಿದ್ದು ಪಾಪ. ಎಲ್ಲಾ ಅರಿವಿ ಕಟ್ಟಿ ದೇವರ ಖೋಲ್ಯಾಗ ಇಟ್ಟೀನಿ."

ಹೋಗಿ ನೋಡಿದೆ. ಶಾಸ್ತ್ರಗ್ರಂಥಗಳ ಪಕ್ಕದಲ್ಲಿ, ಐದೈದರಂತೆ ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ, ಗಂಧ ಅಕ್ಷತೆ ಹಚ್ಚಿ ಇಟ್ಟಿದ್ದರು. ಅದರೊಳಗೆ ಏನೇನಿತ್ತು ಎಂದು ನನಗೆ ಗೊತ್ತು. ಒಂದು ದರೋಡೆಯ ಕಥೆ. ಗಂಡನನ್ನು ಬಿಟ್ಟು ಹೋದವಳ ಕಥೆ. ಒಂದರ ಮುಖಪುಟವನ್ನಂತೂ ನಾನೇ ಬಸ್ಸಿನಲ್ಲಿ ಪೇಪರು ಹಾಕಿ ಮುಚ್ಚಿಕೊಂಡು ಓದಬೇಕೆಂದಿದ್ದೆ. ಎಲ್ಲಕ್ಕೂ ಆರತಿ ಆಗಿತ್ತು. ಅತ್ತೆ ಮಾಡಿದ್ದು ಪ್ರೀತಿಯಿಂದ, ಅದಕ್ಕೇ ಬೈಯಲು ಬಾಯಿ ಬರಲಿಲ್ಲ.

ಆದರೆ ದೇವರ ಕೋಣೆಗೆ ಸೇರಿದ ಪುಸ್ತಕಕ್ಕೆ ದೇವರ ಕೋಣೆಯ ನಿಯಮವೇ. ಸ್ನಾನ ಮಾಡದೆ ಮುಟ್ಟುವಂತಿಲ್ಲ. ಊಟ ಮಾಡಿ ಮುಟ್ಟುವಂತಿಲ್ಲ. ತಿಂಗಳಿಗೆ ನಾಲ್ಕು ದಿನ ಆ ಕಡೆ ಸುಳಿಯುವಂತಿಲ್ಲ. ನಾನೇನು ಮಾಡಿದೆ? ಇಷ್ಟೆಲ್ಲ ಬಾಯಿ ಮಾಡುವ ನಾನು, ಹೇಳಲು ನಾಚಿಕೆಯಾಗುತ್ತದೆ, ಆ ನಿಯಮ ಪಾಲಿಸಿದೆ. ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಒದ್ದೆ ಕೂದಲಲ್ಲಿ ಒಳಗೆ ಹೋಗಿ ದರೋಡೆಯ ಕಥೆಯನ್ನು ಭಕ್ತಿಯಿಂದ ಎತ್ತಿಕೊಂಡು ಬಂದೆ. ಮನೆಯಲ್ಲಿ ಜಗಳ ಬೇಡ ಎಂದುಕೊಂಡೆ. ಹೇಗೋ ಓದು ನಡೆಯುತ್ತಿದೆಯಲ್ಲ ಎಂದೂ ಅಂದುಕೊಂಡೆ.

ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಕರೋಶಿಯವಳಿಗೆ ಇದನ್ನೆಲ್ಲ ನಗುತ್ತ ಹೇಳಿದೆ. ಅವಳೂ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ ಎಂದುಕೊಂಡಿದ್ದೆ. ಆರತಿಯ ಮಾತಿಗೆ ನಕ್ಕಳು, ನಿಜ. ಆಮೇಲೆ ಕೇಳಿದಳು.

"ಅಂದ್ರ ಅವು ಇನ್ನ ನನ್ನ ಕೈಗೆ ಬರೂದಿಲ್ಲೇನ್ರಿ?"

"ಯಾಕ ಬರೂದಿಲ್ಲ? ನಾ ಓದಿದ ಮ್ಯಾಲೆ ತಂದ ಕೊಡ್ತೀನಲ್ಲ."

"ಅದ ನೋಡ್ರಿ ಮಾತು. ನೀವು ಓದಿ ಬಿಟ್ಟದ್ದ ನನಗ ಬರತೈತಿ. ಇಲ್ಲಿಗೇ ಬರತೈತಿ, ಈ ಬೆಂಚಿಗೆ." ಸ್ವಲ್ಪವೂ ದನಿ ಏರಿಸಲಿಲ್ಲ. "ಒಮ್ಮೆ ನಾನಾ ನಿಮ್ಮ ಮನಿಗೆ ಬಂದು, ನೀವು ಓದಲಾರದ್ದರಾಗ ಒಂದ ಆರಿಸಿ ಒಯ್ಯಬೇಕಂತ ಆಸೆ ಐತ್ರಿ. ಆಗತೈತೇನು?"

ಆಗುತ್ತದೆ ಎಂದು ಆ ಕ್ಷಣವೇ ಅನ್ನಲು ನನ್ನಿಂದ ಆಗಲಿಲ್ಲ. ನನ್ನ ನಾಲಿಗೆ ಅರ್ಧ ನಿಮಿಷ ತಡೆದದ್ದನ್ನು ಅವಳು ನೋಡಿದಳು. ಬಸ್ಸು ಬಂತು, ಹತ್ತಿ ಹೋದಳು. ಆಮೇಲೆ ಒಂದು ವಾರ ಆ ಬೆಂಚಿಗೆ ಬರಲಿಲ್ಲ. ನನ್ನ ಬಳಿಯಿಂದ ಒಯ್ದಿದ್ದ ಪುಸ್ತಕವನ್ನು ಆಫೀಸಿನ ಸಿಪಾಯಿಯ ಕೈಯಲ್ಲಿ ಹಿಂದಕ್ಕೆ ಕಳಿಸಿದಳು.

ಆ ವಾರ ನನ್ನ ಮೇಲೆ ನನಗೇ ಮೈ ಉರಿಯಿತು. ಎರಡು ವರ್ಷ ಪುಸ್ತಕ ಹಂಚುತ್ತೇನೆ ಎಂದು ಬೀಗಿದ್ದೆ. ಒಂದು ದಿನವೂ ಅವಳನ್ನು ಮನೆಗೆ ಬಾ ಎಂದಿರಲಿಲ್ಲ. ಅತ್ತೆ ಬಂದು ಬೇಡ ಅಂದಿದ್ದರೇನು? ಇಲ್ಲ. ಅವರು ಅನ್ನಬಹುದು ಎಂದು ನಾನೇ ಮುಂಚಿತವಾಗಿ ಸುಮ್ಮನಿದ್ದೆ. ಓದುವವಳೊಬ್ಬಳನ್ನು ಕಳೆದುಕೊಂಡರೆ ಇನ್ನೊಬ್ಬಳು ಸಿಗಬಹುದು, ಆದರೆ ನಾನು ಎಂಥವಳು ಎಂಬುದು ಅವಳಿಗೆ ತಿಳಿದುಹೋಗಿತ್ತು. ಅದನ್ನು ಹಾಗೆಯೇ ಬಿಟ್ಟು ಇನ್ನು ಮುಂದೆ ಯಾವ ಪುಸ್ತಕ ಬಿಚ್ಚಿದರೂ ಓದಲು ನನ್ನಿಂದ ಸಾಧ್ಯವಿರಲಿಲ್ಲ.

ಸೋಮವಾರ ಅವಳ ಆಫೀಸಿಗೇ ಹೋಗಿ, ನಾಲ್ಕು ಜನರ ಎದುರಿಗೆ ಹೇಳಿದೆ. "ಐತವಾರ ಮನಿಗೆ ಬರಬೇಕು. ಬರಲಿಲ್ಲಂದ್ರ ನಾನಾ ಕರೋಶಿಗೆ ಬಂದು ಕರಕೊಂಡ ಹೋಗ್ತೀನಿ."

ಬಂದಳು. ಭಾನುವಾರ ಹತ್ತು ಗಂಟೆಯ ಹೊತ್ತು. ಯಜಮಾನರು ಪೇಟೆಗೆ ಹೋಗಿದ್ದರು. ಅತ್ತೆ ಪಡಸಾಲೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ಇವಳು ಯಾರು, ಯಾವ ಊರು, ಯಾರ ಪೈಕಿ ಎಂದು ವಿಚಾರಿಸಿದರು. ಅವಳು ಒಂದನ್ನೂ ಮುಚ್ಚಿಡದೆ ಹೇಳಿದಳು. ಅತ್ತೆಯ ಕೈ ಮೊರದಲ್ಲಿ ನಿಂತಿತು. ಪುಸ್ತಕ ಆರಿಸಿಕೊಳ್ಳಲು ಬಂದಿದ್ದಾಳೆ ಎಂದೆ.

"ಯಾವುದು ಬೇಕಂತ ಹೇಳಲಿ. ಅಲ್ಲೇ ಕೂಡ್ಲಿ, ನಾ ತಂದ ಕೊಡ್ತೀನಿ," ಎಂದರು ಅತ್ತೆ.

"ಯಾವ್ಯಾವ ಅದಾವಂತ ನನಗ ಗೊತ್ತಿಲ್ರಿ ಆಯಿ. ನೋಡಿ ಆರಿಸಬೇಕು," ಎಂದಳು.

ಅತ್ತೆ ಅವಳನ್ನು ಬಿಟ್ಟು ನನ್ನನ್ನು ಕೇಳಿದರು. "ಜಳಕಾ ಮಾಡಿ ಬಂದಾಳೇನು?"

"ಐದಕ್ಕ ಎದ್ದ ಮಾಡೀನ್ರಿ ಆಯಿ," ಎಂದು ಅವಳೇ ಉತ್ತರ ಕೊಟ್ಟಳು. "ನನ್ನನ್ನ ಕೇಳ್ರಿ, ನಾ ಹೇಳ್ತೀನಿ."

ನಾನು ಎದ್ದು ನಿಂತೆ. ಅವತ್ತು ನನಗೆ ಮುಟ್ಟಿನ ಎರಡನೇ ದಿನ. ಅದು ಅತ್ತೆಗೂ ಗೊತ್ತಿತ್ತು.

"ಆಕಿದು ಜಳಕ ಆಗೈತ್ರಿ ಅತ್ತಿ. ಒಳಗ ಹೋಗಬಾರ್ದಾಕಿ ಇವತ್ತ ನಾನು. ಆದರ ಹೋಗಾಕತ್ತೀನಿ, ನೋಡ್ರಿ. ದೇವರ ಖೋಲಿ ನಿಮ್ದು, ಅದಕ್ಕ ನಂದೇನೂ ತಕರಾರಿಲ್ಲ. ಪುಸ್ತಕ ನನ್ನವು."

ಹೋದೆ. ಒಂದೊಂದೇ ಗಂಟು ಎತ್ತಿ ತಂದು ಪಡಸಾಲೆಯಲ್ಲಿ ಅವಳ ಮುಂದೆ ಇಟ್ಟೆ. ಆರು ಸಲ ಒಳಗೆ ಹೋಗಿ ಹೊರಗೆ ಬಂದೆ. ಅತ್ತೆ ಕೂಗಾಡಲಿಲ್ಲ. "ಏನ ಹೆಣ್ಮಗಳಬೇ ನೀನು" ಎಂದಷ್ಟೇ ಅಂದು ಮೊರ ಎತ್ತಿಕೊಂಡು ಹಿತ್ತಲಿಗೆ ಹೋದರು. ಆಮೇಲೆ ಆ ಕೋಣೆಯನ್ನು ನೀರು ಹಾಕಿ ತೊಳೆದರು, ನಾಲ್ಕು ದಿನ ನನ್ನ ಜೊತೆ ಮಾತು ಬಿಟ್ಟರು. ಬಿಡಲಿ ಎಂದುಕೊಂಡೆ.

ಅವಳು ಗಂಟು ಬಿಚ್ಚಿ ಪುಸ್ತಕಗಳನ್ನು ಒಂದೊಂದಾಗಿ ಮಗುಚಿ ನೋಡಿದಳು. ಅವಸರವೇ ಇಲ್ಲ. ಕೊನೆಗೆ ಒಂದು ದಪ್ಪ ಕಾದಂಬರಿ ಎತ್ತಿಕೊಂಡಳು. ಅದು ನಾನು ವರ್ಷಗಟ್ಟಲೆ ಆಸೆಯಿಂದ ಕೊನೆಗೆಂದು ಉಳಿಸಿಕೊಂಡದ್ದು. ಬೇರೆ ತಗೋ ಎನ್ನುವ ಮಾತು ತುಟಿಯವರೆಗೆ ಬಂದದ್ದನ್ನು ನುಂಗಿದೆ.

ಗೇಟಿನ ಹತ್ತಿರ ಚಪ್ಪಲಿ ಮೆಟ್ಟಿಕೊಳ್ಳುತ್ತ ಅವಳು ಹೇಳಿದಳು. "ಅಕ್ಕಾರ, ನನ್ನ ಹತ್ರಾನೂ ಪುಸ್ತಕ ಅದಾವ್ರಿ. ಇಷ್ಟ ದಿನದಾಗ ನೀವು ಒಮ್ಮೆರೆ ಕೇಳಿಲ್ಲ."

ನಾನು ದೇವರ ಕೋಣೆಗೆ ನುಗ್ಗಿದ ಶೂರತನವೆಲ್ಲ ಆ ಗೇಟಿನಲ್ಲೇ ಇಳಿದುಹೋಯಿತು. ನಿಜ, ಕೇಳಿರಲಿಲ್ಲ. ಕೊಡುವವಳು ನಾನು, ತೆಗೆದುಕೊಳ್ಳುವವಳು ಅವಳು ಎಂದು ಯಾವ ದಿನ ತೀರ್ಮಾನಿಸಿದ್ದೆನೋ ನನಗೇ ಗೊತ್ತಿಲ್ಲ. ಮುಂದಿನ ಭಾನುವಾರ ಬರುತ್ತೇನೆ ಎಂದೆ.

ಕರೋಶಿಯ ಅವಳ ಮನೆಯಲ್ಲಿ ಬುದ್ಧನ ಫೋಟೋದ ಕೆಳಗೆ ಗೋಡೆಗೆ ಹೊಡೆದ ಉದ್ದನೆಯ ಹಲಗೆ ಇತ್ತು. ಅದರ ಮೇಲೆ ಕನ್ನಡ, ಮರಾಠಿ ಪುಸ್ತಕಗಳು ಅತ್ತಿತ್ತ ಜಾಗ ಬಿಡದೆ ನಿಂತಿದ್ದವು. ಹೆಚ್ಚಿನವುಗಳ ಬೆನ್ನು ಹರಿದು, ದಾರ ಹಾಕಿ ಹೊಲಿದದ್ದು.

"ಇದರಾಗ ಓದಲಾರದ್ದು ಎಷ್ಟ ಅದಾವ?" ಎಂದು ನನ್ನ ಚಾಳಿಯಂತೆ ಕೇಳಿದೆ.

"ಒಂದೂ ಇಲ್ರಿ," ಎಂದಳು. "ಓದಲಾರದ ಇಡೂದು ನಮಗೆಲ್ಲಿ ಆಗತೈತ್ರಿ? ಬಂದ ದಿನಾನ ಓದತೀವಿ. ಕೆಲವು ನಾಕ ನಾಕ ಸಲ."

ಅವಳು ಅದನ್ನು ದೂರಿನಂತೆ ಹೇಳಲಿಲ್ಲ. ನನಗೆ ಮಾತ್ರ ನಾಟಿತು. ಅವಳ ತಾಯಿ ಚಹಾದ ಕಪ್ಪು ಹಿಡಿದು ಬಾಗಿಲಲ್ಲೇ ನಿಂತಿದ್ದರು. "ಕುಡೀತೀರೇನ್ರಿ?" ಎಂದು ಕೇಳಿದರು. ಆ ಪ್ರಶ್ನೆ ಯಾಕೆ ಕೇಳುತ್ತಿದ್ದಾರೆ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

"ಇನ್ನೊಂದೀಟ ಸಕ್ಕರಿ ಹಾಕ್ರಿ," ಎಂದೆ. ಮಗಳು ಜೋರಾಗಿ ನಕ್ಕಳು. ತಾಯಿ ಸಕ್ಕರೆ ತಂದು ಹಾಕಿ, ನನ್ನ ಎದುರಿಗೇ ಕೂತರು. ಹೊರಡುವ ಮುಂಚೆ ಒಂದು ಪುಸ್ತಕ ಕೇಳಿದೆ. ನಾನೇ ಆರಿಸುತ್ತೇನೆ ಅನ್ನಲಿಲ್ಲ. ಅವಳು ಬಹಳ ಹೊತ್ತು ಹುಡುಕಿ ಒಂದನ್ನು ತೆಗೆದುಕೊಟ್ಟಳು. ಹದಿನೈದು ದಿನದಲ್ಲಿ ಹಿಂದಕ್ಕೆ ಬರಬೇಕು, ತಾಯಿಗೆ ಮತ್ತೆ ಓದಿ ಹೇಳಬೇಕು ಎಂದು ತಾಕೀತು ಮಾಡಿದಳು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕೂತಿದ್ದರು. ಅವರ ಕಣ್ಣು ನನ್ನ ಕೈಯಲ್ಲಿದ್ದ ಪುಸ್ತಕದ ಮೇಲೆ ಬಿತ್ತು. ಅವರು ಬಾಯಿ ತೆರೆಯುವ ಮೊದಲೇ, ಓಣಿಗೆಲ್ಲ ಕೇಳುವ ಹಾಗೆ ನಾನೇ ಹೇಳಿದೆ.

"ಕರೋಶಿಗೆ ಹೋಗಿದ್ದೆರಿ ಅತ್ತಿ. ಇದು ಅವರ ಪುಸ್ತಕ. ಅವರ ಮನ್ಯಾಗ ಚಾ ಕುಡದ ಬಂದೀನಿ. ಅದಕ್ಕಂತ ಜಳಕಾ ಮಾಡೂದಿಲ್ಲ."